ಪೊಲೀಸರಿಗೆ ಪೊಲೀಸರೇ ಮೇಷ್ಟ್ರು

ಠಾಣೆ, ಗಸ್ತು, ತನಿಖೆಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ಪಳಗಿದವರು ತಮ್ಮದೇ ಇಲಾಖೆಯ ಕಿರಿಯರಿಗೆ ನಾಯಕತ್ವದ, ಆರೋಗ್ಯದ ಪಾಠ ಹೇಳುವ ಪದ್ಧತಿ ಅಮೆರಿಕದಲ್ಲಿ ಈಗ ಚೆನ್ನಾಗಿ ಬೇರು ಬಿಟ್ಟಿದೆ. ಬಂದೂಕು ಹಿಡಿಯುವುದು, ಕಾನೂನಿನ ಕಲಮುಗಳು, ಬಂಧನದ ಕ್ರಮ ಇವೆಲ್ಲ ಪೊಲೀಸ್ ತರಬೇತಿಯ ಹಳೆಯ ಪಠ್ಯ. ನಿದ್ದೆಗೇಡು, ರಕ್ತದೊತ್ತಡ, ಕುಡಿತ, ಮುರಿದು ಬೀಳುತ್ತಿರುವ ಸಂಸಾರ, ಆತ್ಮಹತ್ಯೆಯ ಯೋಚನೆ, ಕೈಕೆಳಗಿನವರೊಡನೆ ನಡೆದುಕೊಳ್ಳುವ ರೀತಿ ಇವು ಹೊಸದಾಗಿ ಸೇರಿದ ಪಾಠಗಳು. ನಾಯಕತ್ವ ಮತ್ತು ಆರೋಗ್ಯ ಮೇಲ್ನೋಟಕ್ಕೆ ಬೇರೆ ಬೇರೆ ವಿಷಯಗಳು. ಆದರೆ ಪೊಲೀಸರನ್ನು ಹಣ್ಣು ಮಾಡುವುದು ಏನೆಂದು ಸಂಶೋಧಕರು ಕೇಳುತ್ತ ಹೋದಾಗ ಕಳ್ಳರು, ಕೊಲೆಗಾರರ ಜೊತೆಗೇ ಮೇಲಧಿಕಾರಿ, ಪಾಳಿ, ರಜೆ, ವರ್ಗಾವಣೆ, ಇಲಾಖಾ ವಿಚಾರಣೆಗಳ ಹೆಸರೂ ಬಂತು. ಹಲವು ಅಧ್ಯಯನಗಳಲ್ಲಿ ಈ ಎರಡನೆಯ ಪಟ್ಟಿಯೇ ಹೆಚ್ಚು ಭಾರವಾಗಿ ಕಂಡಿತು. ಪೊಲೀಸನ ಆರೋಗ್ಯದ ಒಂದು ದೊಡ್ಡ ಪಾಲು ಅವನ ಸಾಹೇಬರ ಕೈಯಲ್ಲಿದೆ ಎಂದಾದ ಮೇಲೆ ಎರಡನ್ನೂ ಒಂದೇ ತರಗತಿಯಲ್ಲಿ ಕಲಿಸದೆ ಗತ್ಯಂತರವಿಲ್ಲ.

ಪಾಠ ಹೇಳಲು ಪೊಲೀಸರೇ ಏಕೆ ಬೇಕಾಯಿತು ಎಂಬುದಕ್ಕೆ ಒಂದು ಇತಿಹಾಸವಿದೆ. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆ 1968ರಲ್ಲಿ ಮಾರ್ಟಿನ್ ರೈಸರ್ ಎಂಬ ಮನಃಶಾಸ್ತ್ರಜ್ಞರನ್ನು ಪೂರ್ಣಾವಧಿಗೆ ನೇಮಿಸಿಕೊಂಡಿತು. ಅಮೆರಿಕದ ಪೊಲೀಸ್ ಇಲಾಖೆಗಳಲ್ಲಿ ಇಂಥ ನೇಮಕ ಅದೇ ಮೊದಲು. ಮನಃಶಾಸ್ತ್ರಜ್ಞರನ್ನು ನೇಮಿಸುವುದು ಸುಲಭ, ಅವರ ಕೋಣೆಯ ಬಾಗಿಲನ್ನು ಪೊಲೀಸರು ತಟ್ಟುವಂತೆ ಮಾಡುವುದು ಕಷ್ಟ. ನನಗೆ ನಿದ್ದೆ ಬರುತ್ತಿಲ್ಲ, ಮನಸ್ಸು ಕೆಟ್ಟಿದೆ ಎಂದು ಒಪ್ಪಿಕೊಂಡವನ ಪಿಸ್ತೂಲನ್ನು ಇಲಾಖೆ ವಾಪಸು ಪಡೆಯಬಹುದು. ಮೇಜಿನ ಕೆಲಸಕ್ಕೆ ಹಾಕಬಹುದು, ಬಡ್ತಿ ತಪ್ಪಬಹುದು. ಗಸ್ತಿನ ಜೊತೆಗಾರರು ಅವನನ್ನು ನಂಬದೆ ಹೋಗಬಹುದು. ಹೀಗಾಗಿ ಬಾಯಿ ಮುಚ್ಚಿಕೊಂಡಿರುವುದೇ ಜಾಣತನವೆಂಬ ಭಾವನೆ ಬೇರೂರಿತ್ತು. 1970ರ ದಶಕದಲ್ಲಿ ಬಾಸ್ಟನ್ ನಗರದಲ್ಲಿ ಕುಡಿತದಿಂದ, ಖಿನ್ನತೆಯಿಂದ ಹೊರಬಂದ ಪೊಲೀಸರೇ ಸಹೋದ್ಯೋಗಿಗಳ ಜೊತೆ ಕೂತು ಮಾತಾಡುವ ಕ್ರಮ ಶುರುವಾಯಿತು. ಅದೇ ಮುಂದೆ ಸಹೋದ್ಯೋಗಿ ನೆರವು ಎಂಬ ವ್ಯವಸ್ಥೆಯಾಗಿ ಊರೂರಿಗೆ ಹಬ್ಬಿತು.

ನ್ಯೂಯಾರ್ಕ್ ನಗರದಲ್ಲಿ ಇಂಥ ನೆರವಿಗೆ ಕಾರಣವಾದದ್ದು ಸಾವುಗಳು. 1994 ಮತ್ತು 1995ರಲ್ಲಿ ಅಲ್ಲಿನ ಪೊಲೀಸರಲ್ಲಿ ಆತ್ಮಹತ್ಯೆಗಳು ಗಾಬರಿ ಹುಟ್ಟಿಸುವಷ್ಟಾದವು. 1996ರಲ್ಲಿ ಪಾಪ್ಪಾ ಎಂಬ ಸಂಸ್ಥೆ ಹುಟ್ಟಿತು. ಸೇವೆಯಲ್ಲಿರುವ ಪೊಲೀಸರೇ ತರಬೇತಿ ಪಡೆದು ಸ್ವಯಂಸೇವಕರಾಗಿ ಸಹೋದ್ಯೋಗಿಗಳ ಕರೆಗೆ ಓಗೊಡುತ್ತಾರೆ. ಸಂಸ್ಥೆಯನ್ನು ಇಲಾಖೆಯ ಹೊರಗೆ, ಸ್ವತಂತ್ರವಾಗಿ ಇಟ್ಟದ್ದೇ ಅದರ ಬಲ, ಏಕೆಂದರೆ ಅಲ್ಲಿ ಆಡಿದ ಮಾತು ಕಡತಕ್ಕೆ ಹೋಗುವುದಿಲ್ಲ. ಪಕ್ಕದ ನ್ಯೂಜೆರ್ಸಿ ರಾಜ್ಯದ ಕಾಪ್ ಟು ಕಾಪ್ ಸಹಾಯವಾಣಿಯಲ್ಲಿ ನಿವೃತ್ತ ಪೊಲೀಸರು ಫೋನ್ ಎತ್ತುತ್ತಾರೆ. ಇಂಥ ಮಾತುಕತೆಯ ಗೋಪ್ಯತೆಗೆ ಕಾನೂನಿನ ರಕ್ಷಣೆ ಸಿಗಲು ಬಹಳ ಕಾಲ ಹಿಡಿಯಿತು. ಹಲವು ರಾಜ್ಯಗಳು ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು. ಕೇಂದ್ರ ಸರ್ಕಾರದ ಅಧಿಕಾರಿಗಳ ಮಟ್ಟಿಗೆ ಅಂಥ ಕಾಯ್ದೆ ಬಂದದ್ದು 2021ರ ನವೆಂಬರ್‌ನಲ್ಲಿ.

ತರಗತಿಯ ಪಾಠವಾಗಿ ಈ ವಿಷಯಕ್ಕೆ ರೂಪ ಕೊಟ್ಟವರಲ್ಲಿ ಕೆವಿನ್ ಗಿಲ್ಮಾರ್ಟಿನ್ ಮುಖ್ಯರು. ಅರಿಝೋನಾದ ಪೀಮಾ ಕೌಂಟಿಯ ಶೆರಿಫ್ ಇಲಾಖೆಯಲ್ಲಿ ಇಪ್ಪತ್ತು ವರ್ಷ ದುಡಿದ ಇವರು ಮನಃಶಾಸ್ತ್ರಜ್ಞರೂ ಹೌದು. ಪೊಲೀಸರ ಭಾವನಾತ್ಮಕ ಬದುಕಿನ ಬಗ್ಗೆ 2002ರಲ್ಲಿ ಅವರು ಬರೆದ ಪುಸ್ತಕ ಅಮೆರಿಕದ ಎಷ್ಟೋ ಪೊಲೀಸ್ ಅಕಾಡೆಮಿಗಳಲ್ಲಿ ಪಠ್ಯದಂತೆ ಬಳಕೆಯಲ್ಲಿದೆ. ಅವರ ವಿವರಣೆ ಸರಳ. ಬೀದಿಯಲ್ಲಿ ಯಾರ ಜೇಬಿನಲ್ಲಿ ಏನಿದೆಯೋ ತಿಳಿಯದು, ಆದ್ದರಿಂದ ಡ್ಯೂಟಿಯುದ್ದಕ್ಕೂ ಪೊಲೀಸನ ಮೈಯೆಲ್ಲ ಕಣ್ಣಾಗಿರಬೇಕು. ಆ ಅತಿಎಚ್ಚರ ತಪ್ಪೇನಲ್ಲ, ಜೀವ ಉಳಿಸುವ ಗುಣ. ಆ ಹೊತ್ತಿನಲ್ಲಿ ಅವನು ಚುರುಕು, ಹಾಸ್ಯಗಾರ, ಕ್ಷಣದಲ್ಲಿ ತೀರ್ಮಾನ ತೆಗೆದುಕೊಳ್ಳುವವನು. ಆದರೆ ದೇಹ ಇದಕ್ಕೆ ಬೆಲೆ ಕೇಳುತ್ತದೆ. ಮನೆಗೆ ಬಂದೊಡನೆ ಅಷ್ಟೇ ಆಳಕ್ಕೆ ಕುಸಿಯುತ್ತಾನೆ. ಟಿವಿ ಮುಂದಿನ ಕುರ್ಚಿ ಬಿಟ್ಟೇಳುವುದಿಲ್ಲ, ಹೆಂಡತಿ ಏನಾದರೂ ಕೇಳಿದರೆ ನಿನ್ನಿಷ್ಟ ಎನ್ನುತ್ತಾನೆ, ಮಕ್ಕಳ ಶಾಲೆಯ ವಿಷಯ ಕಿವಿಗೇ ಬೀಳುವುದಿಲ್ಲ. ಗಿಲ್ಮಾರ್ಟಿನ್ ಪ್ರಕಾರ ಈ ಕುಸಿತದಿಂದ ಸಹಜ ಸ್ಥಿತಿಗೆ ಬರಲು 18ರಿಂದ 24 ಗಂಟೆ ಬೇಕು. ಅಷ್ಟರೊಳಗೆ ಮುಂದಿನ ಪಾಳಿ ಬಂದಿರುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಆ ಮನುಷ್ಯನಿಗೆ ಠಾಣೆಯಲ್ಲಿ ಮಾತ್ರ ಜೀವಕಳೆ, ಮನೆಯೆಂದರೆ ಬೇಸರ ಎಂಬಂತಾಗುತ್ತದೆ.

ಅವರ ಪಾಠ ಇಲ್ಲಿಗೆ ನಿಲ್ಲದೆ ನಾಯಕತ್ವದ ಕಡೆ ತಿರುಗುತ್ತದೆ. ಹಳೆಯ ಗೆಳೆಯರು, ಮೀನು ಹಿಡಿಯುವುದು, ಆಟ, ಓದು ಎಲ್ಲವನ್ನೂ ಒಂದೊಂದಾಗಿ ಕೈಬಿಟ್ಟು ಪೊಲೀಸ್ ಎಂಬ ಒಂದೇ ಗುರುತಿಗೆ ಜೋತುಬಿದ್ದವನು ತನ್ನ ಬದುಕಿನ ಜುಟ್ಟನ್ನು ಇಲಾಖೆಯ ಕೈಗೆ ಕೊಟ್ಟಂತೆ. ಬೇಕಾದ ಹುದ್ದೆ ತಪ್ಪಿದಾಗ, ಬೇಡದ ಕಡೆಗೆ ವರ್ಗವಾದಾಗ ಅವನಿಗೆ ಸಂಸ್ಥೆಯೇ ಶತ್ರುವಾಗಿ ಕಾಣುತ್ತದೆ. ನನಗೆ ಅನ್ಯಾಯವಾಗಿದೆ ಎಂಬ ಕಹಿ ಬೆಳೆದು, ಹಾಗಾದರೆ ನಿಯಮ ಮೀರಿದರೆ ತಪ್ಪೇನು ಎಂಬಲ್ಲಿಗೆ ಮುಟ್ಟುತ್ತದೆ. ಒಳ್ಳೆಯ ಪೊಲೀಸರು ಹತ್ತು ಹದಿನೈದು ವರ್ಷಗಳಲ್ಲಿ ಕೆಡುವುದು ಹೇಗೆಂಬುದಕ್ಕೆ ಸಿಗುವ ವಿವರಣೆಗಳಲ್ಲಿ ಇದು ಹೆಚ್ಚು ನಂಬುವಂತಿದೆ. ಅವರು ಸೂಚಿಸುವ ಪರಿಹಾರಗಳೂ ನೆಲದ ಮೇಲೆ ನಿಂತಂಥವು. ಮನೆಯ ಕಾರ್ಯಕ್ರಮಗಳನ್ನು ಮೊದಲೇ ಬರೆದಿಟ್ಟು ಕುರ್ಚಿಗೆ ಬೀಳುವ ಮುನ್ನ ಎದ್ದು ಹೊರಡುವುದು, ದಿನವೂ ವ್ಯಾಯಾಮ ಮಾಡುವುದು, ಪೊಲೀಸ್‌ಗಿರಿಯ ಹೊರಗೆ ಒಂದೆರಡಾದರೂ ಗುರುತು ಉಳಿಸಿಕೊಳ್ಳುವುದು, ತನ್ನ ಹತೋಟಿಯಲ್ಲಿಲ್ಲದ್ದಕ್ಕೆ ತಲೆ ಕೆಡಿಸಿಕೊಳ್ಳದಿರುವುದು.

ಅನುಭವದ ಮಾತಿಗೆ ಅಂಕಿ ಅಂಶದ ಬೆಂಬಲ ಒದಗಿಸಿದವರೂ ಕೆಲವರು ಪೊಲೀಸರೇ. ಜಾನ್ ವಯೋಲಾಂಟಿ ನ್ಯೂಯಾರ್ಕ್ ರಾಜ್ಯ ಪೊಲೀಸ್‌ನಲ್ಲಿ 23 ವರ್ಷ ಇದ್ದು ಆಮೇಲೆ ಬಫೆಲೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾದರು. ಬಫೆಲೊ ನಗರದ 464 ಪೊಲೀಸರನ್ನು ಅವರ ತಂಡ 2004ರಿಂದ 2009ರವರೆಗೆ ತಪಾಸಣೆ ಮಾಡಿತು. ರಕ್ತ, ಸೊಂಟದ ಸುತ್ತಳತೆ, ಒತ್ತಡದ ಹಾರ್ಮೋನು, ನಿದ್ದೆ ಎಲ್ಲವನ್ನೂ ಅಳೆಯಿತು. ರಾತ್ರಿ ಪಾಳಿಯವರಲ್ಲಿ, ಅದರಲ್ಲೂ ಕಡಿಮೆ ನಿದ್ದೆ ಮಾಡುವವರಲ್ಲಿ, ಹೃದ್ರೋಗ ಮತ್ತು ಸಕ್ಕರೆ ಕಾಯಿಲೆಗೆ ದಾರಿ ಮಾಡುವ ಲಕ್ಷಣಗಳು ಒಟ್ಟೊಟ್ಟಿಗೆ ಹೆಚ್ಚು ಕಂಡವು. ಗಸ್ತಿನ ಕೆಲಸದಿಂದ ಸಂಶೋಧನೆಗೆ ಬಂದ ಇನ್ನೊಬ್ಬರು ಬ್ರಯನ್ ವೀಲಾ. ದಣಿದ ಪೊಲೀಸರಿಂದ ಜನರಿಗೆ ಆಗುವ ಅಪಾಯದ ಬಗ್ಗೆ ಅವರು 2000ದಲ್ಲಿ ಪುಸ್ತಕ ಬರೆದರು. 2011ರಲ್ಲಿ ಅಮೆರಿಕ ಮತ್ತು ಕೆನಡಾದ 4,957 ಪೊಲೀಸರನ್ನು ಒಳಗೊಂಡ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ ಶೇ. 40.4ರಷ್ಟು ಮಂದಿಗೆ ಯಾವುದಾದರೊಂದು ನಿದ್ರಾ ತೊಂದರೆಯ ಲಕ್ಷಣವಿತ್ತು. ಅಂಥವರು ವಾಹನ ಓಡಿಸುವಾಗ ತೂಕಡಿಸುವುದು, ಜನರ ಮೇಲೆ ಕೋಪ ತಡೆಯಲಾರದೆ ರೇಗುವುದು ಉಳಿದವರಿಗಿಂತ ಹೆಚ್ಚು. ಠಾಣೆಗೆ ದೂರು ಕೊಡಲು ಹೋದವನ ಮೇಲೆ ಸಿಡುಕುವ ಪೊಲೀಸ್ ಕೆಟ್ಟವನೇ ಆಗಿರಬೇಕಿಲ್ಲ, ಎರಡು ರಾತ್ರಿ ಮಲಗದವನೂ ಆಗಿರಬಹುದು.

ನಿದ್ದೆಯ ಪಾಠವನ್ನು ಗಸ್ತಿನವನಿಗೆ ಎಷ್ಟು ಹೇಳಿದರೂ ಪಾಳಿ ಹಾಕುವವನಿಗೆ ಹೇಳದಿದ್ದರೆ ಫಲವಿಲ್ಲ. ಡೆಟ್ರಾಯಿಟ್ ಮತ್ತು ಟೆಕ್ಸಸ್‌ನ ಆರ್ಲಿಂಗ್ಟನ್ ಪೊಲೀಸರ ಮೇಲೆ ನಡೆದು 2011ರಲ್ಲಿ ವರದಿಯಾದ ಒಂದು ಪ್ರಯೋಗದಲ್ಲಿ ಎಂಟು, ಹತ್ತು, ಹನ್ನೆರಡು ಗಂಟೆಗಳ ಪಾಳಿಗಳನ್ನು ಹೋಲಿಸಿದರು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಹತ್ತು ಗಂಟೆ ದುಡಿದವರು ಎಂಟು ಗಂಟೆಯವರಿಗಿಂತ ಹೆಚ್ಚು ನಿದ್ದೆ ಮಾಡಿದರು, ಅವರ ಓವರ್‌ಟೈಮೂ ಇಳಿಯಿತು. ಇಂಥ ತೀರ್ಮಾನ ಕೈಗೊಳ್ಳಬೇಕಾದವರು ಮಧ್ಯಮ ಮತ್ತು ಹಿರಿಯ ಅಧಿಕಾರಿಗಳು. ಅವರಿಗಾಗಿ ಇರುವ ಶಾಲೆಗಳಲ್ಲಿ ಎಫ್‌ಬಿಐ ನ್ಯಾಷನಲ್ ಅಕಾಡೆಮಿಯದು ದೊಡ್ಡ ಹೆಸರು. 1935ರ ಜುಲೈನಲ್ಲಿ 23 ವಿದ್ಯಾರ್ಥಿಗಳೊಂದಿಗೆ ಆರಂಭವಾಗಿ, 1972ರಿಂದ ವರ್ಜೀನಿಯಾದ ಕ್ವಾಂಟಿಕೊದಲ್ಲಿ ನಡೆಯುತ್ತಿದೆ. ಹತ್ತು ವಾರಗಳ ಕೋರ್ಸಿನಲ್ಲಿ ನಾಯಕತ್ವ, ಕಾನೂನು, ವರ್ತನಾ ವಿಜ್ಞಾನಗಳ ಜೊತೆಗೆ ದೇಹದಾರ್ಢ್ಯವೂ ಕಡ್ಡಾಯ. ಕೊನೆಗೆ ಆರು ಮೈಲಿಗೂ ಮೀರಿದ, ಗೋಡೆ ಹತ್ತಿ ಹಗ್ಗ ಹಿಡಿದು ಸಾಗುವ ಕಷ್ಟದ ಓಟ. ಭಾರತದ ಅಧಿಕಾರಿಗಳೂ ಇಲ್ಲಿ ಕಲಿತು ಬಂದಿದ್ದಾರೆ. ಅಂತರರಾಷ್ಟ್ರೀಯ ಪೊಲೀಸ್ ಮುಖ್ಯಸ್ಥರ ಸಂಘ ನಡೆಸುವ ಇನ್ನೊಂದು ಕೋರ್ಸು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಪಠ್ಯವನ್ನು ಪೊಲೀಸರಿಗೆ ಹೊಂದಿಸಿಕೊಂಡಿದ್ದು. ತೋಳಿನ ಮೇಲಿನ ಪಟ್ಟಿ ಎಷ್ಟೇ ಇರಲಿ, ಪ್ರತಿ ಪೊಲೀಸನೂ ನಾಯಕ ಎಂಬುದು ಅದರ ತಳಹದಿ.

ಅನುಭವಿಗಳೇ ಗುರುಗಳಾಗುವುದರಲ್ಲಿ ಅಪಾಯವೂ ಇದೆ. ಅಮೆರಿಕದಲ್ಲಿ ಅಕಾಡೆಮಿ ಮುಗಿಸಿದ ಹೊಸಬನನ್ನು ಕೆಲವು ತಿಂಗಳು ಒಬ್ಬ ಅನುಭವಿಯ ಜೊತೆ ಗಾಡಿಗೆ ಹಾಕುತ್ತಾರೆ. 1970ರ ದಶಕದ ಆರಂಭದಲ್ಲಿ ಸ್ಯಾನ್ ಹೋಸೆ ನಗರದಲ್ಲಿ ರೂಪುಗೊಂಡ ಕ್ರಮ ಇದು. ಆ ಅನುಭವಿ ಹೇಗೋ ಶಿಷ್ಯನೂ ಹಾಗೆಯೇ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕತ್ತಿನ ಮೇಲೆ ಮಂಡಿಯೂರಿ ಅವನ ಸಾವಿಗೆ ಕಾರಣನಾದ ಪೊಲೀಸ್ ಡೆರೆಕ್ ಷೋವಿನ್‌ಗೆ ಹತ್ತೊಂಬತ್ತು ವರ್ಷಗಳ ಸೇವೆಯಾಗಿತ್ತು. ಅವನು ಹೊಸಬರಿಗೆ ಕಲಿಸುವ ತರಬೇತುದಾರನೂ ಆಗಿದ್ದ. ಅಲ್ಲಿದ್ದ ಇಬ್ಬರು ಹೊಸಬರಲ್ಲಿ ಒಬ್ಬ ಅವನ ಕೈಕೆಳಗೆ ಪಳಗಿದವನು. ಇನ್ನೊಬ್ಬ, ಫ್ಲಾಯ್ಡ್‌ನನ್ನು ಪಕ್ಕಕ್ಕೆ ಹೊರಳಿಸೋಣವೇ ಎಂದು ಎರಡು ಸಲ ಕೇಳಿ, ಹಿರಿಯ ಬೇಡವೆಂದಾಗ ಸುಮ್ಮನಾದ.

ಹಿರಿಯನನ್ನು ತಡೆಯುವ ಧೈರ್ಯವನ್ನು ಕಲಿಸಬಹುದೇ ಎಂಬ ಪ್ರಶ್ನೆಗೆ ನ್ಯೂ ಆರ್ಲಿಯನ್ಸ್ ಪೊಲೀಸರು ಅದಕ್ಕೂ ಮೊದಲೇ ಎಪಿಕ್ ಎಂಬ ತರಬೇತಿಯ ಮೂಲಕ ಉತ್ತರ ಹುಡುಕಿದ್ದರು. ಇದಕ್ಕೆ ಬುನಾದಿ ಎರ್ವಿನ್ ಸ್ಟೌಬ್ ಎಂಬ ಮನಃಶಾಸ್ತ್ರಜ್ಞರ ಕೆಲಸ. ಬುಡಾಪೆಸ್ಟ್‌ನಲ್ಲಿ ಬಾಲಕನಾಗಿ ನಾಜಿಗಳ ಹತ್ಯಾಕಾಂಡದಿಂದ ಪಾರಾದ ಅವರು, ಕಣ್ಣೆದುರು ಅನ್ಯಾಯ ನಡೆಯುವಾಗ ಜನ ಏಕೆ ನಿಂತು ನೋಡುತ್ತಾರೆ ಎಂಬುದನ್ನೇ ಜೀವಮಾನವಿಡೀ ಅಧ್ಯಯನ ಮಾಡಿದವರು. ಫ್ಲಾಯ್ಡ್ ಸಾವಿನ ನಂತರ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಶಾಲೆ ಈ ತರಬೇತಿಯನ್ನು ಏಬಲ್ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಹರಡಿತು. ದೌರ್ಜನ್ಯ ತಡೆಯುವುದು, ತಪ್ಪುಗಳನ್ನು ಕಡಿಮೆ ಮಾಡುವುದು, ಪೊಲೀಸರ ಆರೋಗ್ಯ ಕಾಪಾಡುವುದು ಇದರ ಮೂರು ಗುರಿಗಳು. ಗಾಡಿಯಲ್ಲಿ ಪಕ್ಕ ಕೂತವನ ಕೈ ಹಿಡಿದು ತಡೆಯುವುದೂ, ಅವನು ಕುಡಿತಕ್ಕೆ ಬಿದ್ದಿದ್ದಾನೆಂದು ಗೊತ್ತಾದಾಗ ಬಾಯಿ ಬಿಟ್ಟು ಕೇಳುವುದೂ ಒಂದೇ ಅಭ್ಯಾಸದ ಎರಡು ರೂಪಗಳೆಂಬ ತಿಳಿವಳಿಕೆ ಇದರಲ್ಲಿದೆ.

ಈ ಕ್ಷೇತ್ರದಲ್ಲಿ ಹಣವೂ ಓಡಾಡುತ್ತದೆ. ಮಾಜಿ ಪೊಲೀಸರ ಖಾಸಗಿ ತರಬೇತಿ ಸಂಸ್ಥೆಗಳು ಬಹಳ, ಅವುಗಳ ಮೇಲೆ ನಿಗಾ ಕಡಿಮೆ. ಅಂಥ ಒಂದು ಸಂಸ್ಥೆ 2021ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆಸಿದ ಸಮಾವೇಶಕ್ಕೆ ಸುಮಾರು ಸಾವಿರ ಪೊಲೀಸರು ಬಂದಿದ್ದರು. ಅಲ್ಲಿ ಸಂವಿಧಾನಕ್ಕೆ ವಿರುದ್ಧವಾದ ತಪಾಸಣಾ ವಿಧಾನಗಳನ್ನು ಕಲಿಸಲಾಯಿತು, ಹೆಂಗಸರನ್ನು, ಅಲ್ಪಸಂಖ್ಯಾತರನ್ನು ಹೀಯಾಳಿಸುವ ಮಾತುಗಳು ವೇದಿಕೆಯಿಂದಲೇ ಬಂದವು ಎಂದು ನ್ಯೂಜೆರ್ಸಿಯ ರಾಜ್ಯ ಲೆಕ್ಕಪರಿಶೋಧಕರ ಕಚೇರಿ 2023ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಸದುದ್ದೇಶದ ವಿಧಾನಗಳೂ ಪರೀಕ್ಷೆಗೆ ನಿಲ್ಲದಿರಬಹುದು. ಭೀಕರ ಘಟನೆಯ ಬೆನ್ನಿಗೇ ಎಲ್ಲರನ್ನೂ ಕೂಡಿಸಿ ಒಂದೇ ಸಲ ಮನಸ್ಸು ಬಿಚ್ಚಿ ಮಾತಾಡಿಸುವ ಕ್ರಮವನ್ನು, ತುರ್ತು ಸೇವೆಯಲ್ಲಿ ದುಡಿದಿದ್ದ ಜೆಫ್ರಿ ಮಿಚೆಲ್ 1983ರಲ್ಲಿ ಮುಂದಿಟ್ಟರು. ಅದು ಬಹುಬೇಗ ಜನಪ್ರಿಯವಾಯಿತು. ಆದರೆ ಇಂಥ ಒಂದೇ ಬೈಠಕ್ಕಿನಿಂದ ಮುಂದಿನ ಮಾನಸಿಕ ಆಘಾತ ತಪ್ಪುತ್ತದೆಂಬುದಕ್ಕೆ ಪುರಾವೆಯಿಲ್ಲವೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ವಿಮರ್ಶೆ 2002ರಲ್ಲಿ ಹೇಳಿತು. ಆರೆಗಾನ್‌ನ ಹಿಲ್ಸ್‌ಬರೊದಲ್ಲಿ ರಿಚರ್ಡ್ ಗೋರ್ಲಿಂಗ್ ಎಂಬ ಪೊಲೀಸ್ ಅಧಿಕಾರಿ ಎಂಟು ವಾರಗಳ ಧ್ಯಾನ ತರಬೇತಿ ತಂದರು. ಫಲಿತಾಂಶ ಭರವಸೆ ಹುಟ್ಟಿಸುವಂತಿತ್ತು, ಆದರೆ ಆ ಅಧ್ಯಯನದಲ್ಲಿದ್ದವರು ಕೆಲವೇ ಹತ್ತಾರು ಮಂದಿ.

ಈ ಮಿತಿಗಳ ನಡುವೆಯೂ ಸರ್ಕಾರದ ಬೆಂಬಲ ಬೆಳೆಯಿತು. ಆಗಿನ ಅಧ್ಯಕ್ಷ ಒಬಾಮ ನೇಮಿಸಿದ ಕಾರ್ಯಪಡೆ 2015ರ ವರದಿಯಲ್ಲಿ ಪೊಲೀಸರ ಆರೋಗ್ಯ ಮತ್ತು ಸುರಕ್ಷತೆಯನ್ನು ಆರು ಆಧಾರಸ್ತಂಭಗಳಲ್ಲಿ ಒಂದೆಂದು ಎಣಿಸಿತು. 2018ರ ಜನವರಿಯಲ್ಲಿ ಪೊಲೀಸರ ಮಾನಸಿಕ ಆರೋಗ್ಯದ ಕಾಯ್ದೆಗೆ ಅಂಕಿತ ಬಿದ್ದು, ಸಹೋದ್ಯೋಗಿ ನೆರವಿಗೆ ಅನುದಾನದ ದಾರಿ ತೆರೆಯಿತು.

ಭಾರತದಲ್ಲಿ ಸಮಸ್ಯೆ ಇನ್ನೂ ಬುಡದಲ್ಲಿದೆ. ಕಾಮನ್ ಕಾಸ್ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಸಂಶೋಧನಾ ಕೇಂದ್ರವಾದ ಸಿಎಸ್‌ಡಿಎಸ್ 2019ರಲ್ಲಿ ಹೊರತಂದ ವರದಿಯ ಪ್ರಕಾರ ಇಲ್ಲಿನ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. ಮೇಲಧಿಕಾರಿಗಳು ಕಿರಿಯರಿಂದ ಮನೆಗೆಲಸ ಮಾಡಿಸುತ್ತಾರೆಂದು ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹೇಳಿದರು. 2016ರ ಜೂನ್‌ನಲ್ಲಿ ಕರ್ನಾಟಕದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆಯ ಕರೆಗೆ ಓಗೊಡಲು ಹೊರಟಾಗ ಸಂಬಳದ ಜೊತೆಗೆ ರಜೆ, ಕೆಲಸದ ಅವಧಿ, ಹಿರಿಯರ ಕಿರುಕುಳದ ದೂರೂ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ ಐಪಿಎಸ್ ಅಧಿಕಾರಿಗಳಿಗೆ ಸೇವಾವಧಿಯ ನಡುವೆ ಹಂತಹಂತದ ನಾಯಕತ್ವ ತರಬೇತಿ ಸಿಗುತ್ತದೆ. ಬಂದೋಬಸ್ತಿಗೆ ನಿಲ್ಲುವ ಕಾನ್‌ಸ್ಟೆಬಲ್‌ಗೆ ನೇಮಕದ ನಂತರ ತರಗತಿಯ ಬೆಂಚು ಕಾಣುವ ಅವಕಾಶವೇ ಅಪರೂಪ.

ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಸಿಬ್ಬಂದಿಗೆ ವಾರದ ರಜೆ ತಿಂಗಳಲ್ಲಿ ಒಂದು ಸಲವೂ ಸಿಗುವುದಿಲ್ಲವೆಂದು ಠಾಣಾಧಿಕಾರಿಗಳಲ್ಲಿ ಶೇ. 73ಕ್ಕೂ ಹೆಚ್ಚು ಮಂದಿ ತಿಳಿಸಿದ್ದರು. ಎಂಟು ಗಂಟೆಯ ಪಾಳಿ ಜಾರಿಗೆ ಠಾಣೆಗಳ ಸಿಬ್ಬಂದಿ ಸರಾಸರಿ 1.68 ಪಟ್ಟು ಆಗಬೇಕೆಂದು ಅದು ಲೆಕ್ಕ ಹಾಕಿತು. ಹೆಚ್ಚುವರಿ ಸಿಬ್ಬಂದಿ ಬರುವವರೆಗೆ ಕಾಯದೆ ಮುಂಬೈನ ದೇವನಾರ್ ಠಾಣೆ 2016ರಲ್ಲಿ ಪ್ರಯೋಗಕ್ಕಿಳಿಯಿತು. ಇದ್ದವರನ್ನೇ ಮರುಹಂಚಿ ಎಂಟು ಗಂಟೆಯ ಪಾಳಿ ಮಾಡುವ ಯೋಜನೆಯನ್ನು ಲೆಕ್ಕ ಹಾಕಿ ಕೊಟ್ಟವನು ಆ ಠಾಣೆಯದೇ ಒಬ್ಬ ಕಾನ್‌ಸ್ಟೆಬಲ್. ಆಗಿನ ಕಮಿಷನರ್ ದತ್ತಾ ಪಡಸಲಗೀಕರ್ ಅದನ್ನು ಒಪ್ಪಿದರು, 2017ರ ಜನವರಿಯಲ್ಲಿ ನಗರದ ಉಳಿದ ಠಾಣೆಗಳಿಗೂ ವಿಸ್ತರಿಸಿದರು.