ಬಿದ್ದವರಿಗೂ ಜಾಗ ಇದೆ: ಪೇತ್ರ, ಪೌಲ ಮತ್ತು ನಮ್ಮ ಕಿಟೆಲ್

ನಾರಾಯಣಗೂಡದಿಂದ ಮಾತಾಡ್ತಾ ಇದ್ದೀನಿ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಇದು ಬರಹ ರೂಪ. ಪರೇಡ್ ಗ್ರೌಂಡ್‌ನಲ್ಲಿ ಮೆಟ್ರೋ ಬದಲಿಸಿ ಹೈಟೆಕ್ ಸಿಟಿ ಮುಟ್ಟೋದರೊಳಗೆ ಓದಿ ಮುಗಿಯುತ್ತೆ.

ಬೀದರ್, ಧಾರವಾಡ, ಮಂಗಳೂರು ಕಡೆಯಿಂದ ಬಂದ ನಮ್ಮ ಕ್ರೈಸ್ತ ಹುಡುಗರು ಪದೇಪದೇ ಹೇಳೋ ಮಾತು ಇದು: "ಅಣ್ಣಾ, ವಾರವಿಡೀ ಸಿಟ್ಟು, ಸುಳ್ಳು, ಕುಡಿತ. ಭಾನುವಾರ ಯಾವ ಮುಖ ಇಟ್ಕೊಂಡು ಚರ್ಚಿಗೆ ಹೋಗ್ಲಿ?" ಊರಲ್ಲಾದರೆ ಎರಡು ವಾರ ಕಾಣದಿದ್ರೆ ಪಾಸ್ಟರ್ ಮನೆಗೇ ಬರ್ತಾರೆ. ಇಲ್ಲಿ ಆರಾಧನೆ ಹೆಚ್ಚಾಗಿ ತೆಲುಗು ಇಲ್ಲವೇ ಇಂಗ್ಲಿಷಲ್ಲಿ. ನಾವು ಬಂದಿಲ್ಲ ಅಂತ ಗಮನಿಸೋರೂ ಕಡಿಮೆ. ನಾಚಿಕೆಯಿಂದ ಶುರುವಾದ ಗೈರುಹಾಜರಿ ನಿಧಾನಕ್ಕೆ ನಂಬಿಕೆಯನ್ನೇ ಒಣಗಿಸಿಬಿಡುತ್ತೆ.

ಸುವಾರ್ತೆ ಏನು ಹೇಳುತ್ತೆ ನೋಡಿ. ಯೇಸುವಿನ ಬಂಧನವಾದ ರಾತ್ರಿ ಯೂದ ಹಿಡಿದುಕೊಟ್ಟ; ಪೇತ್ರ ಮೂರು ಸಲ, ನನಗೆ ಅವರ ಪರಿಚಯವೇ ಇಲ್ಲ ಅಂದ. ಇಬ್ಬರಿಗೂ ಆಮೇಲೆ ಸಂಕಟವಾಯ್ತು. ಯೂದ ಹಣ ವಾಪಸ್ ಕೊಟ್ಟ, ಆದರೆ ಒಬ್ಬಂಟಿಯಾಗಿ ಹೋಗಿ ಪ್ರಾಣ ಕಳ್ಕೊಂಡ. ಪೇತ್ರ ಅತ್ತ, ಆದರೆ ಉಳಿದ ಶಿಷ್ಯರ ಜೊತೆಗೇ ಇದ್ದ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸು ಅವನನ್ನು ಮೂರು ಸಲ ಕೇಳೋದು ಪ್ರೀತಿಯ ಬಗ್ಗೆ. ತಪ್ಪಿನ ಲೆಕ್ಕ ತೆಗೆಯೋದೇ ಇಲ್ಲ. ಕೇಳಿದ ಮೇಲೆ ಕುರಿ ಕಾಯೋ ಕೆಲಸ ಕೊಟ್ಟದ್ದು ಅದೇ ಪೇತ್ರನಿಗೆ. (ಬದುಕೇ ಬೇಡ ಅನ್ನಿಸಿದರೆ ಒಬ್ಬರೇ ಇರಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.)

ಪೌಲನೂ ಹಾಗೇ. ತನ್ನ ಶರೀರದ ಶೂಲ ಹೋಗಲಿ ಅಂತ ಮೂರು ಸಲ ಬೇಡಿದ. ಅದು ಹೋಗಲಿಲ್ಲ, ಕೃಪೆ ಸಿಕ್ಕಿತು. ಹಾಗಂತ ಕೃಪೆ ಇದೆಯಲ್ಲ, ಮತ್ತೆ ಪಾಪ ಮಾಡೋಣ ಅನ್ನೋ ಹಾಗಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಅವನೇ ಆ ಬಾಗಿಲು ಮುಚ್ತಾನೆ.

ನಮ್ಮ ಭಾಷೆಯಲ್ಲೇ ಒಬ್ಬರು ಸಿಗ್ತಾರೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಮಿಷನ್ನಿನ ಹಿರಿಯರ ಜೊತೆ ಹೊಂದಾಣಿಕೆ ಕಷ್ಟವಾಯ್ತು. ಮೊದಲ ಹೆಂಡತಿ ತೀರಿಕೊಂಡರು. ಆರೋಗ್ಯ ಕೆಟ್ಟು ಜರ್ಮನಿಗೆ ಹೋಗಬೇಕಾಯ್ತು. ಮತಪ್ರಚಾರಕರಾಗಿ ಅವರು ಯಶಸ್ವಿ ಅನ್ನಿಸಿಕೊಳ್ಳಲಿಲ್ಲ. ಆದರೆ ಕೈಗೆತ್ತಿಕೊಂಡ ಕೆಲಸ ಬಿಡಲಿಲ್ಲ. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಕಿಟೆಲ್ ಅವರದ್ದು ಪೇತ್ರನಂಥ ಪಾಪದ ಕಥೆ ಅಲ್ಲ, ಸೋಲಿನ ಕಥೆ. ಆದರೆ ಎರಡರಲ್ಲೂ ಪಾಠ ಒಂದೇ: ಅರ್ಹತೆ ಬರಲಿ, ಆಮೇಲೆ ನೋಡೋಣ ಅಂತ ಕಾಯುತ್ತಾ ಕೂರಬಾರದು.

ಹಾಗಾದ್ರೆ ನಾವು ಮಾಡೋದೇನು? ಮೂರು ಕೆಲಸ.

ಒಂದು, ತಪ್ಪನ್ನು ತಪ್ಪು ಅಂತಲೇ ಹೇಳಿ. "ಪ್ರೆಷರ್ ಇತ್ತು" ಅನ್ನೋದು ಕಾರಣ ಆಗಬಹುದು, ಅರಿಕೆ ಆಗಲ್ಲ.

ಎರಡು, ನೋವು ಮಾಡಿದವರ ಹತ್ತಿರ ಹೋಗಿ. ಜಕ್ಕಾಯ ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ. ಹೆಂಡತಿ ಮೇಲೆ ಕೂಗಾಡಿ ದೇವರ ಹತ್ತಿರ ಮಾತ್ರ ಕ್ಷಮೆ ಕೇಳಿದ್ರೆ ಲೆಕ್ಕ ಅರ್ಧ ಬಾಕಿ.

ಮೂರು, ನಂಬಿಕಸ್ಥರೊಬ್ಬರಿಗೆ ವಿಷಯ ಗೊತ್ತಿರಲಿ. ಯಾಕೋಬನ ಪತ್ರ ಹೇಳೋದೂ ಇದನ್ನೇ. ಕುಡಿತ ಕೈಮೀರಿದ್ರೆ ಪ್ರಾರ್ಥನೆ ಜೊತೆ ಡಾಕ್ಟರನ್ನೂ ನೋಡಿ. ಅದು ಅವಿಶ್ವಾಸ ಅಲ್ಲ.

ಈ ಭಾನುವಾರ ತೆಲುಗು ಹಾಡು ಬಾಯಿಗೆ ಬರದಿದ್ರೂ ಪರವಾಗಿಲ್ಲ, ಕೊನೇ ಸಾಲಲ್ಲಾದ್ರೂ ಹೋಗಿ ಕೂತ್ಕೊಳ್ಳಿ. ಪಕ್ಕದಲ್ಲಿ ಕೂತವರೂ ವಾರವಿಡೀ ಬಿದ್ದು ಎದ್ದು ಬಂದವರೇ.

ಮುಂದಿನ ಮಾತಲ್ಲಿ ಸಿಗೋಣ.