ಪವನ್‌ನ ಬುಲ್ಸ್ ಯಾಕೆ ಬಿಟ್ಟಿತು? ಕಬಡ್ಡಿ ಹರಾಜಿನ 5 ಕೋಟಿ ಲೆಕ್ಕ ಹೀಗಿದೆ ನೋಡಿ

ಪ್ರೊ ಕಬಡ್ಡಿ ಹರಾಜು ಬಂತೆಂದರೆ ಸಾಕು, ಟೀ ಅಂಗಡಿಯಿಂದ ಹಿಡಿದು ಕಟಿಂಗ್ ಶಾಪ್ ತನಕ ಒಂದೇ ಜಗಳ. "ಪವನ್ ಸೆಹ್ರಾವತ್‌ನ ಬುಲ್ಸ್‌ನವರು ಬಿಡಬಾರದಿತ್ತು" ಅಂತ ಒಬ್ಬರು. "ಬಿಟ್ಟಿದ್ದೇ ಸರಿ, ಅಷ್ಟು ದುಡ್ಡು ಒಬ್ಬನ ಮೇಲೆ ಹಾಕೋಕಾಗುತ್ತಾ" ಅಂತ ಇನ್ನೊಬ್ಬರು. "ಮಾಲೀಕರ ಹತ್ರ ದುಡ್ಡಿಗೇನು ಬರ, ಇಟ್ಕೋಬಹುದಿತ್ತಲ್ಲ" ಅಂತ ಮೂರನೆಯವರು.

ಈ ಮೂರನೇ ಮಾತಿನಲ್ಲೇ ಇರೋದು ವಿಷಯ. ಮಾಲೀಕರ ಹತ್ತಿರ ಎಷ್ಟೇ ಕೋಟಿ ಇರಲಿ, ಆಟಗಾರರಿಗೆ ಖರ್ಚು ಮಾಡಲು ಲೀಗ್ ಒಂದು ಗೆರೆ ಹಾಕಿದೆ. ಆ ಗೆರೆ ಅರ್ಥವಾದರೆ ಯಾರನ್ನು ಉಳಿಸಿಕೊಂಡರು, ಯಾರನ್ನು ಬಿಟ್ಟರು, ಯಾಕೆ ಬಿಟ್ಟರು ಅನ್ನೋದು ತಾನಾಗೇ ಅರ್ಥವಾಗುತ್ತದೆ.

ಏನಿದು ಪರ್ಸ್?

ಹರಾಜಿನ ಭಾಷೆಯಲ್ಲಿ ಇದನ್ನು 'ಸ್ಯಾಲರಿ ಪರ್ಸ್' ಅನ್ನುತ್ತಾರೆ. ಒಂದು ಸೀಸನ್‌ಗೆ ಒಂದು ತಂಡ ಆಟಗಾರರ ಮೇಲೆ ಹಾಕಬಹುದಾದ ಗರಿಷ್ಠ ಮೊತ್ತ ಇದು. 2022ರ 9ನೇ ಸೀಸನ್‌ನಲ್ಲಿ ಇದು 4.4 ಕೋಟಿ ರೂಪಾಯಿ ಇತ್ತು. 2023ರ 10ನೇ ಸೀಸನ್‌ನಿಂದ 5 ಕೋಟಿ ಆಯಿತು. 12 ತಂಡಗಳಿಗೂ ಒಂದೇ ಮಿತಿ.

ಈ ದುಡ್ಡಲ್ಲಿ ಕನಿಷ್ಠ 18, ಗರಿಷ್ಠ 25 ಆಟಗಾರರ ತಂಡ ಕಟ್ಟಬೇಕು. ಹಿಂದಿನ ಸೀಸನ್‌ನಿಂದ ಯಾರನ್ನಾದರೂ ಉಳಿಸಿಕೊಂಡರೆ ಅವರ ಮೊತ್ತವೂ ಇದೇ ಚೀಲದಿಂದ ಕಳೆಯುತ್ತದೆ. ಹೀಗಾಗಿ ಹರಾಜಿಗೆ ಬಂದು ಕೂರುವ ಹೊತ್ತಿಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊತ್ತ ಉಳಿದಿರುತ್ತದೆ. ಹೆಚ್ಚು ಜನರನ್ನು ಉಳಿಸಿಕೊಂಡವರ ಹತ್ತಿರ ಕಡಿಮೆ, ಬಿಟ್ಟವರ ಹತ್ತಿರ ಜಾಸ್ತಿ.

ಅಂಗಡಿ ಇಟ್ಟವರಿಗೆ ಇದು ಹೊಸದಲ್ಲ. ದೀಪಾವಳಿಗೆ ಮಾಲು ತರಲು ಕೈಯಲ್ಲಿ ಇಷ್ಟೇ ಬಂಡವಾಳ ಅಂದಾಗ, ಒಂದೇ ದುಬಾರಿ ಐಟಂಗೆ ಅರ್ಧ ಸುರಿದರೆ ಉಳಿದ ಕಪಾಟು ತುಂಬೋದು ಹೇಗೆ? ಇಲ್ಲೂ ಅದೇ ಪ್ರಶ್ನೆ.

ಒಬ್ಬನಿಗೇ ಅರ್ಧ ಚೀಲ

ಲೆಕ್ಕ ಪವನ್‌ದೇ ಹಾಕಿ ನೋಡೋಣ. 6, 7, 8ನೇ ಸೀಸನ್‌ಗಳಲ್ಲಿ ಬೆಂಗಳೂರು ಬುಲ್ಸ್ ಪರ ಆಡಿದ ಪವನ್, ಮೂರೂ ಸಲ ಲೀಗ್‌ನಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ತಂದವರು. 2019ರ ಜನವರಿಯಲ್ಲಿ ಮುಂಬೈನಲ್ಲಿ ನಡೆದ 6ನೇ ಸೀಸನ್ ಫೈನಲ್‌ನಲ್ಲಿ ಗುಜರಾತ್ ವಿರುದ್ಧ 22 ಪಾಯಿಂಟ್ ತಂದು ಬುಲ್ಸ್‌ಗೆ ಕಪ್ ಗೆಲ್ಲಿಸಿದ್ದೂ ಅವರೇ. ಇಂಥವರನ್ನು ಬಿಟ್ಟರೆ ಅಭಿಮಾನಿಗೆ ಹೊಟ್ಟೆ ಉರಿಯದೆ ಇರುತ್ತಾ?

ಆದರೆ 2022ರ ಹರಾಜಿನಲ್ಲಿ ಪವನ್ ಹೋಗಿದ್ದು 2.26 ಕೋಟಿಗೆ, ತಮಿಳ್ ತಲೈವಾಸ್‌ಗೆ. ಅಂದರೆ 4.4 ಕೋಟಿಯ ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚು. ಮುಂದೆ ಆಗಿದ್ದು ಎಲ್ಲರಿಗೂ ನೆನಪಿದೆ. ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು ಬಿತ್ತು, ಇಡೀ ಸೀಸನ್ ಹೊರಗೆ. ಅರ್ಧ ದುಡ್ಡು ಬೆಂಚಿನ ಮೇಲೆ.

ತಲೈವಾಸ್ ಮುಳುಗಬೇಕಿತ್ತು, ಮುಳುಗಲಿಲ್ಲ. ಹೊಸ ಹುಡುಗ ನರೇಂದರ್ ಕಂಡೋಲಾ 200ಕ್ಕೂ ಹೆಚ್ಚು ರೈಡ್ ಪಾಯಿಂಟ್ ತಂದ. ತಂಡ ಮೊದಲ ಸಲ ಸೆಮಿಫೈನಲ್‌ಗೆ ಬಂತು. ಬುಲ್ಸ್ ಕೂಡ ಪವನ್ ಇಲ್ಲದೆ ಆ ವರ್ಷ ಸೆಮಿಫೈನಲ್ ತಲುಪಿತು. 1.70 ಕೋಟಿ ಕೊಟ್ಟು ತಂದಿದ್ದು ವಿಕಾಸ್ ಕಂಡೋಲಾರನ್ನು. ಆದರೆ ರೈಡಿಂಗ್ ಭಾರ ಹೊತ್ತಿದ್ದು, ತಂಡದಲ್ಲೇ ಬೆಳೆದ ಯುವಕ ಭರತ್. ಹಾಗಾಗಿ ಆ ಒಂದು ವರ್ಷದ ಮಟ್ಟಿಗೆ ಬುಲ್ಸ್ ಲೆಕ್ಕ ತಪ್ಪಾಯಿತು ಅನ್ನೋಕೆ ಬರಲ್ಲ.

ಒಂದೇ ವರ್ಷ, ಎರಡು ತಂಡ, ಎರಡು ಫಲಿತಾಂಶ

2023ರ ಹರಾಜಿನಲ್ಲಿ ಪವನ್‌ಗೆ ತೆಲುಗು ಟೈಟಾನ್ಸ್ 2.605 ಕೋಟಿ ಕೊಟ್ಟಿತು. 5 ಕೋಟಿಯಲ್ಲಿ ಶೇ. 52. ಉಳಿದದ್ದು 2.395 ಕೋಟಿ. ಅದರಲ್ಲಿ ಇನ್ನೂ ಕನಿಷ್ಠ 17 ಜನ ಬೇಕು. ಸರಾಸರಿ ತಲೆಗೆ 14 ಲಕ್ಷ. ಹರಾಜಿನಲ್ಲಿ 'ಎ' ದರ್ಜೆ ಆಟಗಾರನ ಮೂಲ ಬೆಲೆಯೇ 30 ಲಕ್ಷ, 'ಬಿ' ದರ್ಜೆಗೆ 20 ಲಕ್ಷ, 'ಸಿ' ದರ್ಜೆಗೆ 13 ಲಕ್ಷ. ಅಂದರೆ ಪವನ್ ಸುತ್ತ ನಿಲ್ಲಿಸಲು ಸಿಗೋದು ಹೆಚ್ಚಾಗಿ 'ಸಿ', 'ಡಿ' ದರ್ಜೆಯವರೇ. ಟೈಟಾನ್ಸ್ ಆ ಸೀಸನ್‌ನಲ್ಲಿ 22 ಪಂದ್ಯದಲ್ಲಿ ಗೆದ್ದಿದ್ದು ಎರಡೇ. ಕೊನೆಯ ಸ್ಥಾನ.

"ಹಾಗಾದ್ರೆ ದುಬಾರಿ ಆಟಗಾರನೇ ಬೇಡ" ಅಂತೀರಾ? ಸ್ವಲ್ಪ ತಡೆಯಿರಿ. ಅದೇ ಹರಾಜಿನಲ್ಲಿ ಪುಣೇರಿ ಪಲ್ಟನ್ ಇರಾನ್‌ನ ಮೊಹಮ್ಮದ್‌ರೆಝಾ ಶಾದ್ಲೂಯಿಗೆ 2.35 ಕೋಟಿ ಕೊಟ್ಟಿತ್ತು. ಅದೂ ಚೀಲದ ಶೇ. 47. ಆದರೂ 2024ರ ಮಾರ್ಚ್‌ನಲ್ಲಿ ಹೈದರಾಬಾದ್‌ನಲ್ಲಿ ಹರಿಯಾಣ ಸ್ಟೀಲರ್ಸ್‌ನ 28-25ರಿಂದ ಸೋಲಿಸಿ ಕಪ್ ಎತ್ತಿತು.

ವ್ಯತ್ಯಾಸ ಎಲ್ಲಿ? ಪುಣೆ ಹತ್ತಿರ ನಾಯಕ ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್ ಥರದ ಹುಡುಗರಿದ್ದರು. ಹರಾಜಿನಲ್ಲಿ ಕೊಂಡವರಲ್ಲ, ಹೊಸಬರಾಗಿ ತಂದು ತಂಡದೊಳಗೇ ಬೆಳೆಸಿದವರು. ಬೆಳೆಸಿದವರು ಕಡಿಮೆ ಮೊತ್ತಕ್ಕೆ ಉಳಿದಾಗ, ದೊಡ್ಡ ದುಡ್ಡು ಹಾಕಲು ಜಾಗ ಸಿಗುತ್ತದೆ. ಟೈಟಾನ್ಸ್‌ಗೆ ಆ ಬುನಾದಿ ಇರಲಿಲ್ಲ. ಅಂದಹಾಗೆ ಆ ವರ್ಷ ಪುಣೆಯ ಕೋಚ್ ನಮ್ಮ ಕರ್ನಾಟಕದವರೇ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್.

ಬಿಟ್ಟು ಹಿಡಿಯುವ ಆಟ

ಉಳಿಸಿಕೊಳ್ಳೋದು, ಬಿಡೋದು ಎರಡರ ನಡುವೆ ಇನ್ನೊಂದು ದಾರಿ ಇದೆ. ಅದರ ಹೆಸರು ಎಫ್‌ಬಿಎಂ, ಅಂದರೆ ಫೈನಲ್ ಬಿಡ್ ಮ್ಯಾಚ್. ಆಟಗಾರನನ್ನು ಹರಾಜಿಗೆ ಬಿಟ್ಟ ತಂಡ, ಬೇರೆಯವರು ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ಅವನನ್ನು ವಾಪಸ್ ಪಡೆಯಬಹುದು.

2024ರಲ್ಲಿ ಟೈಟಾನ್ಸ್ ಮಾಡಿದ್ದು ಇದನ್ನೇ. ಪವನ್‌ನ ಹರಾಜಿಗೆ ಬಿಟ್ಟರು. ಬೆಲೆ 1.725 ಕೋಟಿಗೆ ನಿಂತಿತು. ಕಾರ್ಡ್ ಎತ್ತಿ ವಾಪಸ್ ಕರೆದುಕೊಂಡರು. ಆಟಗಾರ ಅದೇ, ಉಳಿದಿದ್ದು 88 ಲಕ್ಷ. ಆ ದುಡ್ಡು ತಂಡದ ಬೇರೆ ಜಾಗಗಳಿಗೆ ಹೋಯಿತು. ಹಿಂದಿನ ವರ್ಷ ಎರಡು ಪಂದ್ಯ ಗೆದ್ದಿದ್ದ ತಂಡ 11ನೇ ಸೀಸನ್‌ನಲ್ಲಿ ಪ್ಲೇಆಫ್ ಬಾಗಿಲ ತನಕ ಬಂತು.

ಹಾಗಾಗಿ ಬಿಡುಗಡೆ ಪಟ್ಟಿಯಲ್ಲಿ ಹೆಸರು ಕಂಡ ಕೂಡಲೇ "ಕಳಿಸಿಬಿಟ್ರು" ಅಂತ ಬೈಯಬೇಡಿ. ಬೆಲೆ ಇಳಿಸಲು ಬಿಟ್ಟಿರಲೂಬಹುದು. ಅಪಾಯವೂ ಇದೆ: ಬೇರೆಯವರು ಕೈಗೆಟುಕದ ಬೆಲೆಗೆ ಏರಿಸಿಬಿಟ್ಟರೆ ಆಟಗಾರ ಹೋದ ಹಾಗೇ.

ಬುಲ್ಸ್ ಎಡವಿದ್ದು ಎಲ್ಲಿ?

11ನೇ ಸೀಸನ್‌ಗೆ ಬುಲ್ಸ್ ಅಜಿಂಕ್ಯ ಪವಾರ್‌ಗೆ 1.107 ಕೋಟಿ, ಪರ್ದೀಪ್ ನರ್ವಾಲ್‌ಗೆ 70 ಲಕ್ಷ ಹಾಕಿತು. ತಾನೇ ಬೆಳೆಸಿದ ಭರತ್ ಅದೇ ಹರಾಜಿನಲ್ಲಿ 1.30 ಕೋಟಿಗೆ ಯುಪಿ ಯೋಧಾಸ್ ಪಾಲಾದರು. ಬುಲ್ಸ್ ಕೊನೆಯ ಸ್ಥಾನಕ್ಕೆ ಬಿತ್ತು. ಪವನ್ ಹೋಗಿದ್ದಕ್ಕಿಂತ, ಪವನ್ ಜಾಗಕ್ಕೆ ಬೆಳೆದಿದ್ದ ಹುಡುಗನೂ ಹೋಗಿದ್ದು ದೊಡ್ಡ ಪೆಟ್ಟು ಅನ್ನೋದು ಈ ಲೆಕ್ಕ ನೋಡಿದರೆ ಕಾಣುತ್ತದೆ. ಮುಂದಿನ ಸೀಸನ್‌ಗೆ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು, ತಂಡ ಮತ್ತೆ ಪ್ಲೇಆಫ್‌ಗೆ ಏರಿತು.

ಮಿತಿ ಯಾಕೆ ಬೇಕು?

ಮಿತಿ ಇಲ್ಲದಿದ್ದರೆ ದೊಡ್ಡ ಜೇಬಿನ ಎರಡು ಮೂರು ತಂಡ ಎಲ್ಲರನ್ನೂ ಕೊಂಡುಬಿಡುತ್ತವೆ. ಉಳಿದವರು ಸೋಲೋಕೇ ಬರಬೇಕು. 12 ಸೀಸನ್‌ಗಳಲ್ಲಿ ಎಂಟು ಬೇರೆ ಬೇರೆ ತಂಡ ಕಪ್ ಗೆದ್ದಿವೆ. ಪಟ್ನಾ ಮೂರು ಸಲ, ಜೈಪುರ, ದೆಹಲಿ ಎರಡೆರಡು ಸಲ, ಉಳಿದ ಐದು ಒಂದೊಂದು ಸಲ. ಇದರಲ್ಲಿ ಪರ್ಸ್ ಮಿತಿಯ ಪಾಲೂ ಇದೆ.

ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಲ್ಲೂ ಇಂಥದ್ದೇ ಮಿತಿ ಇದೆ. ಕಬಡ್ಡಿಯ ಹಾಗೆ ಅದೂ ಹಿಡಿದು ಕೆಡವುವ ಆಟ. ಅಲ್ಲಿ ಮೆಲ್ಬರ್ನ್ ಸ್ಟಾರ್ಮ್ ಅನ್ನೋ ತಂಡ ಎರಡು ಲೆಕ್ಕದ ಪುಸ್ತಕ ಇಟ್ಟು, ತೋರಿಸಿದ್ದಕ್ಕಿಂತ ಹೆಚ್ಚು ದುಡ್ಡನ್ನು ಆಟಗಾರರಿಗೆ ಕೊಡುತ್ತಿದ್ದದ್ದು 2010ರಲ್ಲಿ ಸಿಕ್ಕಿಬಿತ್ತು. 2007 ಮತ್ತು 2009ರಲ್ಲಿ ಗೆದ್ದಿದ್ದ ಎರಡು ಪ್ರಶಸ್ತಿ ಕಿತ್ತುಕೊಂಡರು. ಉಳಿದ ಸೀಸನ್ ಪೂರ್ತಿ, ಗೆದ್ದರೂ ಪಾಯಿಂಟ್ ಇಲ್ಲದೆ ಆಡಬೇಕಾಯಿತು. ಅಲ್ಲಿನ ಅಭಿಮಾನಿಗಳಿಗೂ ನಮ್ಮದೇ ಗೋಳು: ನಾವು ಬೆಳೆಸಿದ ಹುಡುಗ, ಬೆಲೆ ಬಂದಾಗ ಬೇರೆ ತಂಡಕ್ಕೆ.

ಆಟಗಾರನ ಕಡೆಯಿಂದ ನೋಡಿದರೆ

ಇಲ್ಲಿ ತನಕ ತಂಡದ ಲೆಕ್ಕ ಆಯಿತು. ಆದರೆ ನಮ್ಮ ತಾಲ್ಲೂಕಿನ ಮ್ಯಾಟ್ ಮೇಲೆ, ಮಣ್ಣಿನ ಅಂಕಣದಲ್ಲಿ ಬೆವರು ಹರಿಸುತ್ತಿರುವ ಹುಡುಗರ ಮನೆಯವರು ನೋಡಬೇಕಾದ ಲೆಕ್ಕ ಬೇರೆ.

ಒಳಗೆ ಹೋಗುವ ದಾರಿ ಹೆಚ್ಚಾಗಿ 'ನ್ಯೂ ಯಂಗ್ ಪ್ಲೇಯರ್' ಒಪ್ಪಂದ. ಹರಾಜಿಲ್ಲದೆ ತಂಡ ನೇರವಾಗಿ ಸೇರಿಸಿಕೊಳ್ಳುತ್ತದೆ. ಯುಪಿ ಯೋಧಾಸ್‌ನಲ್ಲಿ ಹೆಸರು ಮಾಡಿದ ಗಗನ್ ಗೌಡ ನಮ್ಮ ರಾಜ್ಯದ ಹುಡುಗ. ಪಟ್ನಾ ತಂಡವನ್ನು 8ನೇ ಸೀಸನ್ ಫೈನಲ್‌ಗೆ ಕರೆದೊಯ್ದ ನಾಯಕ ಪ್ರಶಾಂತ್ ರೈ ಕೂಡ ಕರ್ನಾಟಕದವರೇ. ತವರಿನ ತಂಡವೇ ಕೊಳ್ಳಬೇಕು ಅಂತ ನಿಯಮ ಇಲ್ಲ. ಚೀಲದಲ್ಲಿ ಜಾಗ ಇದ್ದವರು ಕರೆಯುತ್ತಾರೆ.

ಬೆಲೆ ಏರಿದಷ್ಟೇ ಬೇಗ ಇಳಿಯುತ್ತದೆ. 2023ರಲ್ಲಿ 2.605 ಕೋಟಿ ಇದ್ದ ಪವನ್, 2025ರ ಹರಾಜಿನಲ್ಲಿ 59.5 ಲಕ್ಷಕ್ಕೆ ತಲೈವಾಸ್ ಸೇರಿದರು. ಎರಡು ವರ್ಷವೂ ಆಗಿರಲಿಲ್ಲ. ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ತಂದ ಪರ್ದೀಪ್ ನರ್ವಾಲ್‌ರನ್ನು ಅದೇ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಅವರು ನಿವೃತ್ತಿ ಹೇಳಿದರು. ಮಂಡಿ ಒಂದು ಸಲ ತಿರುಚಿದರೆ ಅದಕ್ಕೂ ಮೊದಲೇ ಮುಗಿಯಬಹುದು. ಅದಕ್ಕೇ ಅನುಭವಿಗಳು ಹೇಳೋದು: ಆಟ ಆಡಲಿ, ಡಿಗ್ರಿಯೂ ಮುಗಿಸಲಿ, ರೈಲ್ವೆಯಂಥ ಕಡೆ ಸ್ಪೋರ್ಟ್ಸ್ ಕೋಟಾ ನೌಕರಿಗೂ ಅರ್ಜಿ ಹಾಕಲಿ ಅಂತ.

ಮುಂದಿನ ಹರಾಜಿನಲ್ಲಿ ಏನು ನೋಡಬೇಕು?

ತಂಡ ಕೊಂಡ ದೊಡ್ಡ ಹೆಸರು ಯಾವುದು ಅಂತ ಮಾತ್ರ ನೋಡಬೇಡಿ. ಅದು ಚೀಲದ ಎಷ್ಟು ಪಾಲು ತಿಂದಿತು ನೋಡಿ. ಉಳಿಸಿಕೊಂಡ ಪಟ್ಟಿಯಲ್ಲಿ ತಾವೇ ಬೆಳೆಸಿದ ಹುಡುಗರು ಎಷ್ಟು ಜನ ಇದ್ದಾರೆ ಎಣಿಸಿ. ಎಫ್‌ಬಿಎಂ ಕಾರ್ಡ್ ಯಾರಿಗೆ ಎತ್ತಿದರು, ಯಾರಿಗೆ ಎತ್ತಲಿಲ್ಲ ಗಮನಿಸಿ. ಇಷ್ಟು ಗೊತ್ತಿದ್ದರೆ ಟೀ ಅಂಗಡಿ ಜಗಳದಲ್ಲಿ ನಿಮ್ಮ ಮಾತಿಗೂ ತೂಕ ಇರುತ್ತದೆ.