ಸ್ವನಿರ್ಮಿತ ಗ್ಲೈಡರ್

ಸ್ವನಿರ್ಮಿತ ಗ್ಲೈಡರ್ ಎಂಬುದು ಕಾರ್ಖಾನೆಯಲ್ಲಿ ತಯಾರಾಗದೆ, ಹವ್ಯಾಸಿಯೊಬ್ಬರು ಅಥವಾ ಹವ್ಯಾಸಿಗಳ ಗುಂಪೊಂದು ಸ್ವಂತ ಬಳಕೆಗಾಗಿ ಹಾಗೂ ಕಲಿಕೆಗಾಗಿ ನಿರ್ಮಿಸುವ, ಎಂಜಿನ್ ಇಲ್ಲದ ವಿಮಾನವಾಗಿದೆ. ಇಂತಹ ಗ್ಲೈಡರನ್ನು ನಿರ್ಮಾಪಕರೇ ವಿನ್ಯಾಸಗೊಳಿಸಬಹುದು, ಬೇರೊಬ್ಬ ವಿನ್ಯಾಸಕಾರರ ನಕಾಶೆಗಳನ್ನು ಕೊಂಡು ಅವುಗಳಂತೆ ಕಟ್ಟಬಹುದು ಅಥವಾ ಬಿಡಿಭಾಗಗಳ ಕಿಟ್‌ನಿಂದ ಜೋಡಿಸಬಹುದು. ಕಾರ್ಖಾನೆಯ ವಿಮಾನಗಳಲ್ಲಿ ವಿನ್ಯಾಸಕಾರ, ತಯಾರಕ, ತಪಾಸಣಾಧಿಕಾರಿ ಮತ್ತು ಪರೀಕ್ಷಾ ಪೈಲಟ್ ಬೇರೆ ಬೇರೆ ವ್ಯಕ್ತಿಗಳಾಗಿರುತ್ತಾರೆ. ಸ್ವನಿರ್ಮಿತ ಗ್ಲೈಡರ್‌ನಲ್ಲಿ ಈ ಹೊಣೆಗಳಲ್ಲಿ ಹೆಚ್ಚಿನವು ಒಬ್ಬರ ಮೇಲೆಯೇ ಬೀಳುವುದುಂಟು. ಆದ್ದರಿಂದ ವಿನ್ಯಾಸದ ಹಾಗೂ ನಿರ್ಮಾಣದ ದೋಷಗಳನ್ನು ಹಾರಾಟಕ್ಕೆ ಮೊದಲೇ ನೆಲದ ಮೇಲೆ ಪತ್ತೆಹಚ್ಚುವ ಕ್ರಮಬದ್ಧ ವಿಧಾನವು ಈ ಚಟುವಟಿಕೆಯ ಅತಿ ಮುಖ್ಯ ಭಾಗವಾಗಿದೆ.

ಹಾರಾಟದ ತತ್ತ್ವ

ಗ್ಲೈಡರ್ ತನ್ನ ಎತ್ತರವನ್ನು ವ್ಯಯಿಸಿ ವೇಗವನ್ನು ಪಡೆಯುತ್ತದೆ. ನಿಶ್ಚಲ ಗಾಳಿಯಲ್ಲಿ ಅದು ಸದಾ ಮೆಲ್ಲನೆ ಕೆಳಗಿಳಿಯುತ್ತಲೇ ಇರುತ್ತದೆ. ಇಳಿದ ಪ್ರತಿ ಮೀಟರ್ ಎತ್ತರಕ್ಕೆ ಅದು ಮುಂದಕ್ಕೆ ಸಾಗುವ ದೂರವನ್ನು ತೇಲು ಅನುಪಾತ ಎನ್ನುತ್ತಾರೆ. ಈ ಅನುಪಾತವು 25 ಆಗಿರುವ ಗ್ಲೈಡರ್ 1,000 ಮೀಟರ್ ಎತ್ತರದಿಂದ 25 ಕಿಲೋಮೀಟರ್ ಸಾಗಬಲ್ಲದು. ಅದು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಹಾರುವಾಗ ಸೆಕೆಂಡಿಗೆ 1 ಮೀಟರ್‌ನಷ್ಟು ಕೆಳಗಿಳಿಯುತ್ತದೆ. ಅದೇ ಗ್ಲೈಡರ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಮೇಲೇರುವ ಬಿಸಿಗಾಳಿಯ ಪ್ರವಾಹವನ್ನು ಹೊಕ್ಕರೆ ಸೆಕೆಂಡಿಗೆ 1 ಮೀಟರ್‌ನಂತೆ ಮೇಲೇರುತ್ತದೆ. ಹದ್ದು, ಗಿಡುಗಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುವುದೂ ಇದೇ ತತ್ತ್ವದಿಂದ.

ಇತಿಹಾಸ

ಆರಂಭಿಕ ಪ್ರಯೋಗಗಳು

ವಿಮಾನ ಕಾರ್ಖಾನೆಗಳು ಹುಟ್ಟುವ ಮೊದಲು ಗ್ಲೈಡರ್‌ಗಳೆಲ್ಲವೂ ಒಂದು ಅರ್ಥದಲ್ಲಿ ಸ್ವನಿರ್ಮಿತವೇ ಆಗಿದ್ದವು. ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿ 1853ರಲ್ಲಿ ಯಾರ್ಕ್‌ಷೈರ್‌ನ ಬ್ರಾಂಪ್ಟನ್ ಎಂಬಲ್ಲಿ ಮನುಷ್ಯನನ್ನು ಹೊತ್ತ ಗ್ಲೈಡರನ್ನು ಹಾರಿಸಿದರು. ಜರ್ಮನಿಯ ಆಟೊ ಲಿಲಿಯೆಂಥಾಲ್ 1891ರಿಂದ 1896ರವರೆಗೆ ತಾವೇ ನಿರ್ಮಿಸಿದ ಗ್ಲೈಡರ್‌ಗಳಲ್ಲಿ ಸುಮಾರು 2,000 ಬಾರಿ ಹಾರಿದರು. ಅವರ ಗ್ಲೈಡರ್‌ಗಳಲ್ಲಿ ಪೈಲಟ್ ತನ್ನ ದೇಹವನ್ನು ಅತ್ತಿತ್ತ ಸರಿಸಿ ಸಮತೋಲನವನ್ನು ಕಾಯ್ದುಕೊಳ್ಳಬೇಕಿತ್ತು. 1896ರ ಆಗಸ್ಟ್ 9ರಂದು ಅವರ ಗ್ಲೈಡರ್ ಗಾಳಿಯಲ್ಲಿ ಮೂತಿಯೆತ್ತಿ ನಿಂತು, ದೇಹದ ಚಲನೆಯಿಂದ ಸರಿಪಡಿಸಲಾಗದೆ ನೆಲಕ್ಕೆ ಬಿದ್ದಿತು. ಮರುದಿನ ಅವರು ನಿಧನರಾದರು. ಬ್ರಿಟನ್ನಿನ ಪರ್ಸಿ ಪಿಲ್ಚರ್ 1899ರ ಸೆಪ್ಟೆಂಬರ್ 30ರಂದು ಹಾರುತ್ತಿದ್ದಾಗ ಅವರ ಗ್ಲೈಡರ್‌ನ ಬಾಲದ ಭಾಗವು ಮುರಿಯಿತು. ಎರಡು ದಿನಗಳ ಬಳಿಕ ಅವರೂ ಮರಣ ಹೊಂದಿದರು. ಮೊದಲನೆಯ ಅಪಘಾತವು ನಿಯಂತ್ರಣದ ಕೊರತೆಯಿಂದ, ಎರಡನೆಯದು ರಚನೆಯ ದೌರ್ಬಲ್ಯದಿಂದ ಸಂಭವಿಸಿತು. ಇಂದಿಗೂ ಸ್ವನಿರ್ಮಿತ ಗ್ಲೈಡರ್‌ನ ಪರೀಕ್ಷೆಗಳು ಮುಖ್ಯವಾಗಿ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತವೆ.

ರೈಟ್ ಸಹೋದರರ ವಿಧಾನ

ಅಮೆರಿಕದ ಸೈಕಲ್ ತಯಾರಕರಾಗಿದ್ದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಸಹೋದರರು 1900, 1901 ಮತ್ತು 1902ರಲ್ಲಿ ಮೂರು ಗ್ಲೈಡರ್‌ಗಳನ್ನು ನಿರ್ಮಿಸಿ ಕಿಟಿ ಹಾಕ್ ಬಳಿಯ ಮರಳು ದಿಬ್ಬಗಳಲ್ಲಿ ಪರೀಕ್ಷಿಸಿದರು. ಮೊದಲ ಗ್ಲೈಡರನ್ನು ಅವರು ಹೆಚ್ಚಾಗಿ ಹಗ್ಗ ಕಟ್ಟಿ ಗಾಳಿಪಟದಂತೆ ಹಾರಿಸಿ, ಅದರ ಮೇಲೆ ವರ್ತಿಸುವ ಬಲಗಳನ್ನು ಅಳೆದರು. ಎರಡನೆಯ ಗ್ಲೈಡರ್‌ನ ಎತ್ತುವ ಬಲವು ಲೆಕ್ಕಕ್ಕಿಂತ ಬಹಳ ಕಡಿಮೆ ಎಂದು ಕಂಡುಬಂದಾಗ, 1901ರ ಕೊನೆಯಲ್ಲಿ ಅವರು ಗಾಳಿ ಸುರಂಗವೊಂದನ್ನು ನಿರ್ಮಿಸಿ ಸುಮಾರು 200 ಬಗೆಯ ರೆಕ್ಕೆಯ ಮಾದರಿಗಳನ್ನು ಪರೀಕ್ಷಿಸಿದರು. ಆ ಅಳತೆಗಳ ಆಧಾರದ ಮೇಲೆ ಕಟ್ಟಿದ 1902ರ ಗ್ಲೈಡರ್ ನಿರೀಕ್ಷೆಯಂತೆ ಹಾರಿತು. ತಿರುವುಗಳಲ್ಲಿ ಕಂಡ ತೊಂದರೆಯನ್ನು ಅವರು ಚಲಿಸುವ ರಡ್ಡರ್ ಅಳವಡಿಸಿ ಪರಿಹರಿಸಿದರು. 1903ರ ಎಂಜಿನ್ ಸಹಿತ ವಿಮಾನವು ಈ ಗ್ಲೈಡರ್‌ನ ಮುಂದುವರಿಕೆಯಾಗಿತ್ತು.

ಜರ್ಮನಿಯ ವಿದ್ಯಾರ್ಥಿ ಸಂಘಗಳು

ಮೊದಲನೆಯ ಮಹಾಯುದ್ಧದ ಬಳಿಕ ವರ್ಸೇಲ್ಸ್ ಒಪ್ಪಂದವು ಜರ್ಮನಿಯಲ್ಲಿ ಎಂಜಿನ್ ಸಹಿತ ವಿಮಾನಗಳ ಮೇಲೆ ಕಠಿಣ ನಿರ್ಬಂಧ ಹೇರಿತು. ಇದರಿಂದ ತಾಂತ್ರಿಕ ವಿದ್ಯಾಲಯಗಳ ವಿದ್ಯಾರ್ಥಿಗಳ ಗಮನವು ಗ್ಲೈಡರ್‌ಗಳತ್ತ ಹರಿಯಿತು. ಆಸ್ಕರ್ ಉರ್ಸಿನಸ್ ಅವರ ಮುಂದಾಳುತನದಲ್ಲಿ 1920ರಲ್ಲಿ ವಾಸ್ಸರ್‌ಕುಪ್ಪೆ ಬೆಟ್ಟದ ಮೇಲೆ ಗ್ಲೈಡರ್ ಸ್ಪರ್ಧೆಗಳು ಆರಂಭವಾದವು. ಹ್ಯಾನೋವರ್‌ನ 'ವ್ಯಾಂಪಿರ್' ಗ್ಲೈಡರ್ 1922ರ ಆಗಸ್ಟ್‌ನಲ್ಲಿ ಅಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಹಾರಿತು. ಒಂದೇ ಮುಖ್ಯ ತೊಲೆ ಹಾಗೂ ರೆಕ್ಕೆಯ ಮುಂಚೂಣಿಯನ್ನು ಪೆಟ್ಟಿಗೆಯಂತೆ ಮುಚ್ಚಿದ ಪ್ಲೈವುಡ್ ಹೊದಿಕೆಯುಳ್ಳ ಅದರ ರಚನಾಕ್ರಮವು ಮರದ ಗ್ಲೈಡರ್‌ಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು. 1930ರ ದಶಕದ ಆರಂಭದಲ್ಲಿ ಎಡ್ಮಂಡ್ ಷ್ನೈಡರ್ ರೂಪಿಸಿದ 'ಗ್ರುನೌ ಬೇಬಿ'ಯನ್ನು ಕಾರ್ಖಾನೆಗಳಷ್ಟೇ ಅಲ್ಲದೆ ಅನೇಕ ದೇಶಗಳ ಗ್ಲೈಡಿಂಗ್ ಸಂಘಗಳೂ ನಕಾಶೆಗಳ ನೆರವಿನಿಂದ ನಿರ್ಮಿಸಿದವು.

ಎರಡನೆಯ ಮಹಾಯುದ್ಧದ ನಂತರ

ಅಮೆರಿಕದಲ್ಲಿ ಸ್ಟಾನ್ ಹಾಲ್ ಅವರ ಮರದ 'ಚೆರೋಕಿ 2' 1950ರ ದಶಕದಲ್ಲಿ ಹವ್ಯಾಸಿಗಳ ನಡುವೆ ಜನಪ್ರಿಯವಾಯಿತು. ಶ್ವೈಟ್ಸರ್ ಸಂಸ್ಥೆಯು ತನ್ನ '1-26' ಗ್ಲೈಡರನ್ನು ಕಿಟ್ ರೂಪದಲ್ಲಿಯೂ ಮಾರಿತು. ರಿಚರ್ಡ್ ಶ್ರೆಡರ್ ತಾವೇ ವಿನ್ಯಾಸಗೊಳಿಸಿ ಕಟ್ಟಿದ ಲೋಹದ ಗ್ಲೈಡರ್‌ಗಳಲ್ಲಿ ಹಾರಿ ರಾಷ್ಟ್ರೀಯ ಸ್ಪರ್ಧೆಗಳನ್ನು ಗೆದ್ದರು. ಅವರ 'ಎಚ್‌ಪಿ' ಸರಣಿಯು ಹವ್ಯಾಸಿಗಳಿಗೂ ಲಭ್ಯವಾಯಿತು. ಜಿಮ್ ಮಾರ್ಸ್ಕೆ ಬಾಲವಿಲ್ಲದ ಗ್ಲೈಡರ್‌ಗಳನ್ನು ರೂಪಿಸಿದರೆ, ಜಿಮ್ ಮಾಪಿನ್ ಮರದ 'ವುಡ್‌ಸ್ಟಾಕ್' ಹಾಗೂ ಅತಿ ಹಗುರವಾದ 'ಕಾರ್ಬನ್ ಡ್ರ್ಯಾಗನ್' ಗ್ಲೈಡರ್‌ಗಳನ್ನು ರೂಪಿಸಿದರು. ಬರ್ಟ್ ರುಟಾನ್ ಅವರ 'ಸಾಲಿಟೇರ್' 1982ರಲ್ಲಿ ಹಾರಿತು.

ವಿನ್ಯಾಸ

ಗ್ಲೈಡರ್‌ನ ರೆಕ್ಕೆಗಳು ಉದ್ದವಾಗಿಯೂ ಕಿರಿದಾಗಿಯೂ ಇದ್ದಷ್ಟು, ಎತ್ತುವ ಬಲವನ್ನು ಉಂಟುಮಾಡುವಾಗ ಹುಟ್ಟುವ ಗಾಳಿಯ ಎಳೆತವು ಕಡಿಮೆಯಾಗುತ್ತದೆ. ಆದರೆ ರೆಕ್ಕೆ ಉದ್ದವಾದಂತೆ ಅದರ ಬುಡದ ಮೇಲೆ ಬೀಳುವ ಬಾಗಿಸುವ ಬಲವು ಹೆಚ್ಚುತ್ತದೆ, ತೊಲೆಯ ತೂಕವೂ ಏರುತ್ತದೆ. ಕಾರ್ಯಾಗಾರದ ಉದ್ದ, ಸಾಗಿಸುವ ಗಾಡಿಯ ಅಳತೆ ಮತ್ತು ನಿರ್ಮಾಪಕರ ಕೌಶಲಗಳೂ ಆಯ್ಕೆಯನ್ನು ಮಿತಗೊಳಿಸುತ್ತವೆ. ಹೀಗಾಗಿ ಅನೇಕ ಸ್ವನಿರ್ಮಿತ ಗ್ಲೈಡರ್‌ಗಳ ರೆಕ್ಕೆಯ ಒಟ್ಟು ಹರವು 11ರಿಂದ 15 ಮೀಟರ್‌ಗಳ ನಡುವೆ ಇರುತ್ತದೆ.

ತಿರುವಿನಲ್ಲಿ ಅಥವಾ ಗಾಳಿಯ ಹೊಡೆತಕ್ಕೆ ಸಿಕ್ಕಾಗ ರೆಕ್ಕೆಯು ಗ್ಲೈಡರ್‌ನ ತೂಕದ ಹಲವು ಪಟ್ಟು ಬಲವನ್ನು ಹೊರಬೇಕಾಗುತ್ತದೆ. 60 ಡಿಗ್ರಿ ವಾಲಿ ಎತ್ತರ ಕಳೆದುಕೊಳ್ಳದೆ ತಿರುಗುವಾಗ ಈ ಬಲವು ಎರಡು ಪಟ್ಟಾಗುತ್ತದೆ. ಯುರೋಪಿನ ಗ್ಲೈಡರ್ ಮಾನದಂಡವು ಸಾಮಾನ್ಯ ಬಳಕೆಯ ವರ್ಗಕ್ಕೆ 5.3 ಪಟ್ಟು ಹೊರೆಯನ್ನು ಮಿತಿಯಾಗಿ ಗೊತ್ತುಪಡಿಸಿ, ಅದರ ಮೇಲೆ 1.5ರ ಸುರಕ್ಷತಾ ಗುಣಕವನ್ನು ಬಯಸುತ್ತದೆ. ಪೈಲಟ್ ಸಹಿತ 300 ಕಿಲೋಗ್ರಾಂ ತೂಗುವ ಗ್ಲೈಡರ್‌ಗೆ ಮಿತಿಹೊರೆಯು 1,590 ಕಿಲೋಗ್ರಾಂ, ಅಂತಿಮ ಹೊರೆಯು 2,385 ಕಿಲೋಗ್ರಾಂ ಆಗುತ್ತದೆ. ಅಂದರೆ ರಚನೆಯು ತನ್ನ ತೂಕದ ಸುಮಾರು ಎಂಟು ಪಟ್ಟು ಬಲವನ್ನು ತಾಳಬೇಕು.

ಗುರುತ್ವ ಕೇಂದ್ರದ ಸ್ಥಾನವು ವಿನ್ಯಾಸದ ಇನ್ನೊಂದು ನಿರ್ಣಾಯಕ ಅಂಶ. ಅದು ನಿಗದಿತ ಮಿತಿಗಿಂತ ಹಿಂದಕ್ಕೆ ಸರಿದರೆ ಗ್ಲೈಡರ್ ಅಸ್ಥಿರವಾಗುತ್ತದೆ. ಸ್ಪಿನ್ ಎಂಬ ಸುತ್ತುಬೀಳುವಿಕೆಯಿಂದ ಅದನ್ನು ಹೊರತರುವುದೂ ಕಷ್ಟವಾಗಬಹುದು. ಉದಾಹರಣೆಗೆ, ಖಾಲಿ ಗ್ಲೈಡರ್‌ನ ತೂಕ 200 ಕಿಲೋಗ್ರಾಂ, ಅದರ ಗುರುತ್ವ ಕೇಂದ್ರವು ರೆಕ್ಕೆಯ ಮುಂದಂಚಿನಿಂದ 60 ಸೆಂಟಿಮೀಟರ್ ಹಿಂದೆ ಇದೆ ಎಂದುಕೊಳ್ಳೋಣ. 80 ಕಿಲೋಗ್ರಾಂ ತೂಕದ ಪೈಲಟ್ ಮುಂದಂಚಿನಿಂದ 40 ಸೆಂಟಿಮೀಟರ್ ಮುಂದೆ ಕುಳಿತರೆ ಒಟ್ಟು ಗುರುತ್ವ ಕೇಂದ್ರವು ಮುಂದಂಚಿನಿಂದ ಸುಮಾರು 31 ಸೆಂಟಿಮೀಟರ್ ಹಿಂದೆ ಬರುತ್ತದೆ. ಪೈಲಟ್‌ನ ತೂಕ 60 ಕಿಲೋಗ್ರಾಂ ಆದರೆ ಅದು ಸುಮಾರು 37 ಸೆಂಟಿಮೀಟರ್‌ಗೆ ಸರಿಯುತ್ತದೆ. ಹಿಂಬದಿಯ ಮಿತಿಯು 34 ಸೆಂಟಿಮೀಟರ್ ಆಗಿದ್ದರೆ, ಹಗುರವಾದ ಪೈಲಟ್ ಮೂತಿಯಲ್ಲಿ ತೂಕದ ಗುಂಡುಗಳನ್ನು ಸೇರಿಸದೆ ಹಾರುವಂತಿಲ್ಲ.

ನಿರ್ಮಾಣ

ಮರ: ತೊಲೆಗಳಿಗೆ ನೇರ ಎಳೆಯ ಸ್ಪ್ರೂಸ್ ಮರವನ್ನೂ ಹೊದಿಕೆಗೆ ಬರ್ಚ್ ಪ್ಲೈವುಡ್ಡನ್ನೂ ಬಳಸುವುದು ರೂಢಿ. ಗಂಟು, ಸೀಳು ಅಥವಾ ಓರೆಯಾದ ಎಳೆಗಳಿರುವ ಮರವನ್ನು ತಿರಸ್ಕರಿಸಬೇಕು. ಹಳೆಯ ಗ್ಲೈಡರ್‌ಗಳಲ್ಲಿ ಬಳಸುತ್ತಿದ್ದ, ಹಾಲಿನ ಪ್ರೋಟೀನಿನಿಂದ ತಯಾರಿಸಿದ ಕೇಸೀನ್ ಅಂಟು ತೇವಕ್ಕೆ ಹಾಳಾಗುತ್ತಿತ್ತು. ಇಂದು ಎಪಾಕ್ಸಿ ಮತ್ತಿತರ ಕೃತಕ ಅಂಟುಗಳು ಬಳಕೆಯಲ್ಲಿವೆ. ಪ್ರತಿ ಬಾರಿ ಅಂಟು ಕಲಸಿದಾಗ ಮಾದರಿ ಜೋಡಣೆಯೊಂದನ್ನು ಮಾಡಿ, ಒಣಗಿದ ಬಳಿಕ ಅದನ್ನು ಮುರಿದು ನೋಡಲಾಗುತ್ತದೆ. ಮರವೇ ಹರಿದರೆ ಜೋಡಣೆ ಉತ್ತಮ. ಅಂಟಿನ ಪದರವು ಬಿಟ್ಟುಕೊಂಡರೆ ಆ ಕಲಸಿನಿಂದ ಮಾಡಿದ ಜೋಡಣೆಗಳೆಲ್ಲವೂ ಸಂಶಯಾಸ್ಪದ.

ಲೋಹ: ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಗಳನ್ನು ರಿವೆಟ್‌ಗಳಿಂದ ಅಥವಾ ಅಂಟಿನಿಂದ ಜೋಡಿಸಲಾಗುತ್ತದೆ. ಕೆಲಸ ಶೀಘ್ರವಾಗಿ ಸಾಗುತ್ತದೆ. ಆದರೆ ರಂಧ್ರಗಳ ಅಂಚಿನಲ್ಲಿ ಉಳಿದ ಗೀರುಗಳು ಕಾಲಕ್ರಮೇಣ ಬಿರುಕುಗಳಾಗಿ ಬೆಳೆಯಬಹುದಾದ್ದರಿಂದ ಅಂಚುಗಳನ್ನು ನಯಗೊಳಿಸುವುದು ಅಗತ್ಯ.

ಸಂಯುಕ್ತ ವಸ್ತುಗಳು: ಗಾಜಿನ ಅಥವಾ ಕಾರ್ಬನ್ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ನೆನೆಸಿ ಫೋಮ್ ತಿರುಳಿನ ಮೇಲೆ ಅಥವಾ ಅಚ್ಚಿನೊಳಗೆ ಹಾಸಲಾಗುತ್ತದೆ. ಇದರಿಂದ ಅತ್ಯಂತ ನಯವಾದ ಮೇಲ್ಮೈ ದೊರೆಯುತ್ತದೆ. ಆದರೆ ಒಳಗಿನ ಗಾಳಿಗುಳ್ಳೆ ಅಥವಾ ಒಣಗಿದ ಪದರವು ಹೊರಗಿನಿಂದ ಸುಲಭವಾಗಿ ಕಾಣುವುದಿಲ್ಲ. ಬಿಸಿಲಿನಲ್ಲಿ ಕಾದರೆ ಎಪಾಕ್ಸಿಯ ಬಲವು ಕುಗ್ಗುವುದರಿಂದ ಇಂತಹ ಗ್ಲೈಡರ್‌ಗಳಿಗೆ ಸಾಮಾನ್ಯವಾಗಿ ಬಿಳಿ ಬಣ್ಣ ಬಳಿಯುತ್ತಾರೆ.

ಯಾವುದೇ ವಿಧಾನದಲ್ಲಿಯೂ ಒಳಭಾಗವನ್ನು ಹೊದಿಕೆಯಿಂದ ಮುಚ್ಚುವ ಮೊದಲು ಅನುಭವಿ ವ್ಯಕ್ತಿಯೊಬ್ಬರಿಂದ ತಪಾಸಣೆ ಮಾಡಿಸುವುದು ಮುಖ್ಯ. ತಾನೇ ಮಾಡಿದ ತಪ್ಪು ತನ್ನ ಕಣ್ಣಿಗೆ ಬೀಳದಿರುವ ಸಾಧ್ಯತೆ ಹೆಚ್ಚು.

ನೆಲದ ಮೇಲಿನ ಪರೀಕ್ಷೆಗಳು

ಹೊಸ ವಿನ್ಯಾಸಗಳಲ್ಲಿ ರೆಕ್ಕೆಯನ್ನು ತಲೆಕೆಳಗಾಗಿ ಇರಿಸಿ, ಹಾರಾಟದಲ್ಲಿ ಬೀಳುವ ಬಲದ ಹಂಚಿಕೆಗೆ ಅನುಗುಣವಾಗಿ ಮರಳಿನ ಚೀಲಗಳನ್ನು ಹೇರಲಾಗುತ್ತದೆ. ಮಿತಿಹೊರೆಯನ್ನು ತೆಗೆದ ನಂತರ ರೆಕ್ಕೆಯು ತನ್ನ ಮೊದಲಿನ ಆಕಾರಕ್ಕೆ ಮರಳಬೇಕು. ಅಂತಿಮ ಹೊರೆಯನ್ನು ಅದು ಕನಿಷ್ಠ ಮೂರು ಸೆಕೆಂಡುಗಳ ಕಾಲ ಮುರಿಯದೆ ಹೊರಬೇಕು. ಅಂತಿಮ ಹೊರೆಯನ್ನು ಕಂಡ ರೆಕ್ಕೆಗೆ ಕಣ್ಣಿಗೆ ಕಾಣದ ಹಾನಿ ಆಗಿರಬಹುದು. ಆದ್ದರಿಂದ ಈ ಪರೀಕ್ಷೆಗೆ ಪ್ರತ್ಯೇಕ ರೆಕ್ಕೆಯನ್ನೇ ಕಟ್ಟುವುದು ಉತ್ತಮ ಕ್ರಮ.

ನಂತರ ಪೈಲಟ್‌ನನ್ನು ಕೂರಿಸಿ ಗ್ಲೈಡರನ್ನು ತೂಗಿ ಗುರುತ್ವ ಕೇಂದ್ರವನ್ನು ಗೊತ್ತುಪಡಿಸುತ್ತಾರೆ. ನಿಯಂತ್ರಣಗಳ ಪರೀಕ್ಷೆಯಲ್ಲಿ ಸಹಾಯಕರೊಬ್ಬರು ಪ್ರತಿಯೊಂದು ನಿಯಂತ್ರಣ ಫಲಕವನ್ನು ಕೈಯಿಂದ ತಡೆಹಿಡಿಯುತ್ತಾರೆ. ಪೈಲಟ್ ಕೋಲನ್ನು ಹಾಗೂ ಪೆಡಲ್‌ಗಳನ್ನು ಒತ್ತುತ್ತಾರೆ. ಕೇಬಲ್ ಅಥವಾ ದಂಡವು ಸರಿಯಾಗಿ ಜೋಡಣೆಯಾಗಿದೆಯೇ, ಫಲಕವು ಸರಿಯಾದ ದಿಕ್ಕಿಗೆ ಚಲಿಸುತ್ತದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಕೋಲನ್ನು ಎಡಕ್ಕೆ ವಾಲಿಸಿದಾಗ ಎಡಗಡೆಯ ಏಲೆರಾನ್ ಮೇಲೇಳಬೇಕು. ಈ ಜೋಡಣೆ ತಿರುವುಮುರುವಾಗಿದ್ದರೆ, ನೆಲ ಬಿಟ್ಟ ಕೂಡಲೇ ಪೈಲಟ್ ಮಾಡುವ ಪ್ರತಿ ತಿದ್ದುಪಡಿಯೂ ಅಪಾಯವನ್ನೇ ಹೆಚ್ಚಿಸುತ್ತದೆ.

ಪರೀಕ್ಷಾ ಹಾರಾಟ

ಮೊದಲ ಹಾರಾಟಕ್ಕೆ ಗಾಳಿ ಶಾಂತವಾಗಿರುವ ಬೆಳಗಿನ ಸಮಯವನ್ನು ಆಯ್ದುಕೊಳ್ಳುತ್ತಾರೆ. ಉದ್ದವಾದ ಮೈದಾನವಿದ್ದಲ್ಲಿ ಕಾರಿನಿಂದ ಎಳೆದು ಒಂದೆರಡು ಮೀಟರ್ ಎತ್ತರದ ಪುಟ್ಟ ಜಿಗಿತಗಳನ್ನು ನಡೆಸಿ, ನೇರವಾಗಿ ಮುಂದೆಯೇ ಇಳಿಯುವುದು ಒಂದು ಕ್ರಮ. ಬಳಿಕ ವಿಮಾನವೊಂದು ಗ್ಲೈಡರನ್ನು ಹಗ್ಗದಿಂದ ಎತ್ತರಕ್ಕೆ ಎಳೆದೊಯ್ಯುತ್ತದೆ. ಪೈಲಟ್ ಪ್ಯಾರಾಚೂಟ್ ಧರಿಸಿರುತ್ತಾರೆ. ಹಗ್ಗದ ಕೊಕ್ಕೆಯು ಎಳೆತವಿರುವಾಗಲೂ ಕಳಚಿಕೊಳ್ಳುತ್ತದೆಯೇ ಎಂಬುದನ್ನು ಮೊದಲೇ ನೆಲದ ಮೇಲೆ ಪರೀಕ್ಷಿಸಿರಲಾಗುತ್ತದೆ.

ಎತ್ತರದಲ್ಲಿ ಹಗ್ಗ ಬಿಟ್ಟ ನಂತರ ಮಂದ ತಿರುವುಗಳು, ಅನಂತರ ವೇಗವನ್ನು ಕ್ರಮೇಣ ಕುಗ್ಗಿಸಿ ಸ್ಟಾಲ್, ಅಂದರೆ ರೆಕ್ಕೆಯು ಎತ್ತುವ ಬಲವನ್ನು ಕಳೆದುಕೊಳ್ಳುವ ಸ್ಥಿತಿಯ ಪರೀಕ್ಷೆ ನಡೆಯುತ್ತದೆ. ವೇಗಮಾಪಕದಲ್ಲಿ ದೋಷವಿರಬಹುದಾದ್ದರಿಂದ, ಸ್ಟಾಲ್ ಆದಾಗ ಅದು ತೋರಿದ ಅಂಕಿಯನ್ನೇ ಆಧಾರವಾಗಿಟ್ಟುಕೊಂಡು ಇಳಿಯುವ ವೇಗವನ್ನು ನಿರ್ಧರಿಸುತ್ತಾರೆ. ಏರ್‌ಬ್ರೇಕ್‌ಗಳನ್ನೂ ಎತ್ತರದಲ್ಲಿಯೇ ತೆರೆದು ಮುಚ್ಚಿ ನೋಡಿ, ಬಳಿಕ ಇಳಿಯುವಾಗ ಬಳಸುತ್ತಾರೆ.

ಹೆಚ್ಚಿನ ವೇಗದ ಪರೀಕ್ಷೆಗಳು ಅತ್ಯಂತ ಅಪಾಯಕಾರಿ. ಒಂದು ವೇಗವನ್ನು ಮೀರಿದಾಗ ರೆಕ್ಕೆ ಅಥವಾ ನಿಯಂತ್ರಣ ಫಲಕವು ಗಾಳಿಯಿಂದಲೇ ಶಕ್ತಿ ಪಡೆದು ತೀವ್ರವಾಗಿ ಕಂಪಿಸತೊಡಗಬಹುದು. ಫ್ಲಟರ್ ಎಂಬ ಈ ಕಂಪನವು ಕೆಲವೇ ಕ್ಷಣಗಳಲ್ಲಿ ಗ್ಲೈಡರನ್ನು ಒಡೆದುಹಾಕಬಲ್ಲದು. ಫಲಕಗಳ ಮುಂಭಾಗದಲ್ಲಿ ಪ್ರತಿತೂಕಗಳನ್ನು ಅಳವಡಿಸುವುದು ಮತ್ತು ಕೀಲುಗಳಲ್ಲಿ ಸಡಿಲಿಕೆ ಇಲ್ಲದಂತೆ ನೋಡಿಕೊಳ್ಳುವುದು ಇದನ್ನು ತಡೆಯುವ ಕ್ರಮಗಳು. ಪರೀಕ್ಷೆಯಲ್ಲಿ ವೇಗವನ್ನು ಸಣ್ಣ ಹಂತಗಳಲ್ಲಿ ಏರಿಸಿ, ಪ್ರತಿ ಹಂತದಲ್ಲಿ ಕೋಲನ್ನು ಲಘುವಾಗಿ ತಟ್ಟಿ, ಉಂಟಾದ ಕಂಪನವು ಬೇಗನೆ ಅಡಗುತ್ತದೆಯೇ ಎಂದು ಗಮನಿಸುತ್ತಾರೆ. ಅಡಗಲು ಹೆಚ್ಚು ಸಮಯ ಹಿಡಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಬಳಕೆಯಲ್ಲಿ ಮೀರಬಾರದ ಗರಿಷ್ಠ ವೇಗವು ಪರೀಕ್ಷೆಯಲ್ಲಿ ತಲುಪಿದ ಅತ್ಯಧಿಕ ವೇಗದ ಶೇಕಡಾ 90ನ್ನು ದಾಟದಂತೆ ನಿಗದಿಯಾಗುತ್ತದೆ.

ಕಾನೂನು ಮತ್ತು ದಾಖಲೆಗಳು

ಸ್ವನಿರ್ಮಿತ ಗ್ಲೈಡರನ್ನು ಹಾರಿಸಲು ಸಾಮಾನ್ಯವಾಗಿ ಆಯಾ ದೇಶದ ನಾಗರಿಕ ವಿಮಾನಯಾನ ಪ್ರಾಧಿಕಾರದ ನೋಂದಣಿ ಹಾಗೂ ಅನುಮತಿ ಅಗತ್ಯ. ಅಮೆರಿಕದಲ್ಲಿ ಹವ್ಯಾಸಿ ನಿರ್ಮಿತ ವರ್ಗಕ್ಕೆ ಸೇರಲು ನಿರ್ಮಾಣ ಕಾರ್ಯದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹವ್ಯಾಸಿಗಳೇ ಕಲಿಕೆ ಅಥವಾ ಮನರಂಜನೆಗಾಗಿ ಮಾಡಿರಬೇಕು. ಅಲ್ಲಿ ಆರಂಭದ ಪರೀಕ್ಷಾ ಹಾರಾಟಗಳನ್ನು ಗೊತ್ತುಪಡಿಸಿದ ಪ್ರದೇಶದೊಳಗೆ ನಡೆಸಬೇಕಾಗುತ್ತದೆ.

ನಿರ್ಮಾಣದ ಪ್ರತಿ ಹಂತದ ಛಾಯಾಚಿತ್ರಗಳು, ಅಂಟಿನ ಮಾದರಿಗಳ ಫಲಿತಾಂಶ, ತೂಕದ ಪಟ್ಟಿ ಮತ್ತು ಪರೀಕ್ಷಾ ಹಾರಾಟಗಳ ಟಿಪ್ಪಣಿಗಳನ್ನು ನಿರ್ಮಾಪಕರು ಕಾಪಾಡಿಕೊಳ್ಳುತ್ತಾರೆ. ಗ್ಲೈಡರ್ ಮುಂದೆ ಬೇರೊಬ್ಬರ ಕೈಸೇರಿದಾಗ, ಹೊದಿಕೆಯೊಳಗೆ ಏನಿದೆ ಮತ್ತು ಯಾವ ಮಿತಿಯವರೆಗೆ ಅದು ಪರೀಕ್ಷಿತವಾಗಿದೆ ಎಂಬುದನ್ನು ಹೊಸ ಪೈಲಟ್ ಈ ದಾಖಲೆಗಳಿಂದಲೇ ತಿಳಿಯಬೇಕಾಗುತ್ತದೆ.